ಬುತ್ತಿ ಗಂಟು, ಬುರುಜು

ನಮ್ಮ ಅಕ್ಕನ ಮಗ ಎಡಿನ್‌ಬರೋದಲ್ಲಿದ್ದಾನೆ. ಕಂಪ್ಯೂಟರ್ ಕೆಲಸ. ವಾರದ ಐದು ದಿನ ಅವನೇನು ಮಾಡುತ್ತಾನೆಂಬುದು ಹೆತ್ತವಳಿಗೂ ತಿಳಿಯದು. ಆದರೆ ಶನಿವಾರ ಏನು ಮಾಡುತ್ತಾನೆಂಬುದು ನಮ್ಮ ಓಣಿಗೆಲ್ಲ ಗೊತ್ತು: ಕೋಟೆ ನೋಡುತ್ತಾನೆ. ಬೆಳಿಗ್ಗೆ ರೈಲು ಹತ್ತಿದರೆ ಸ್ಟರ್ಲಿಂಗ್ ಒಂದು ತಾಸಿನೊಳಗಿನ ದಾರಿ, ಲಿನ್‌ಲಿತ್ಗೋ ಇಪ್ಪತ್ತು ನಿಮಿಷ. ಸಂಜೆ ಮನೆಗೆ ಬಂದು ಫೋಟೋ ಕಳಿಸುತ್ತಾನೆ. ಹಿಂದೆ ಕಪ್ಪುಗಲ್ಲಿನ ಗೋಡೆ, ಮೇಲೆ ಒಗೆದು ಹಿಂಡದೆ ಬಿಟ್ಟ ಅರಿವೆಯಂಥ ಆಕಾಶ, ಮುಂದೊಂದು ಕೊಡೆ, ಕೊಡೆಯ ಕೆಳಗೆ ಇವನ ಹಲ್ಲು. ಮೊದಲ ಮೂರು ಕೋಟೆಗೆ “ಭಾರಿ ಐತಪಾ” ಎಂದು ಬರೆದೆ. ನಾಲ್ಕನೆಯದಕ್ಕೆ “ಇದು ಹ್ವಾದ ವಾರದ್ದ ಅಲ್ಲೇನು?” ಎಂದು ಕೇಳಿಬಿಟ್ಟೆ. ಹುಡುಗನಿಗೆ ಬೇಜಾರಾಯಿತು.

ಆ ಸಿಟ್ಟಿಗೇ ಇರಬೇಕು, ಫೋನು ಮಾಡಿ “ಮಾಮಾ, ನೀವು ಈ ವಾರ ಯಾವ ಕೋಟಿ ನೋಡಿದ್ರಿ?” ಎಂದ. ನಾನಾಗ ಕೋಟೆಯೊಳಗೇ ನಿಂತು ಮೆಂತ್ಯದ ಸಿವುಡು ಆರಿಸುತ್ತಿದ್ದೆ.

ನಮ್ಮ ಮನೆ ವಿಜಯಪುರದ ಕೋಟೆಯ ಒಳಗಿದೆ. ಇದು ದೊಡ್ಡಸ್ತಿಕೆಯ ಮಾತಲ್ಲ, ಹಳೇ ಊರೆಲ್ಲ ಒಳಗೇ ಇದೆ. 1565ರಲ್ಲಿ, ತಾಳೀಕೋಟೆಯ ಯುದ್ಧ ನಡೆದ ವರ್ಷವೇ, ಒಂದನೆಯ ಅಲಿ ಆದಿಲ್ ಶಾಹ ಊರ ಸುತ್ತ ಗೋಡೆ ಕಟ್ಟಿ ಮುಗಿಸಿದ. ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್, ಬುರುಜು 96. ಈಗ ಬುರುಜಿನ ಬಗಲಿಗೆ ಎಮ್ಮೆ ಕಟ್ಟುತ್ತಾರೆ, ಕಂದಕದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಔರಂಗಜೇಬ 1686ರಲ್ಲಿ ಊರು ಗೆದ್ದು ಒಳಗೆ ಬಂದ ಫತೇ ದರವಾಜಾ ನಮಗೆ ಬರೀ ಮನಗೂಳಿ ಅಗಸಿ. ಒಳಗೆ ಬರಲು ಅವನಿಗೆ ವರ್ಷದ ಮೇಲೆ ಹಿಡಿಯಿತು. ಸಂಜೆ ಆರರ ಹೊತ್ತಿಗೆ ಸ್ಕೂಟರ್ ಮೇಲೆ ಬಂದರೆ ನಮಗೂ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ.

ಬ್ರಿಟಿಷರು 1885ರಲ್ಲಿ ಜಿಲ್ಲೆಯ ಕಚೇರಿಗಳನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಳೆಯ ಮಹಲುಗಳಲ್ಲೇ ಮೇಜು ಕುರ್ಚಿ ಹಾಕಿಕೊಂಡು ಕೂತರು. ಹೀಗಾಗಿ ಮಹಲೆಂದರೆ ನಮ್ಮ ಅಜ್ಜಂದಿರಿಗೆ ಅರ್ಜಿ ಹಿಡಿದು, ಚಪ್ಪಲಿ ಹೊರಗೆ ಬಿಟ್ಟು, ನಾಳೆ ಬಾ ಅನ್ನಿಸಿಕೊಂಡು ಬರುವ ಜಾಗವಾಗಿತ್ತು. ಅಲ್ಲಿಗೆ ಬುತ್ತಿ ಕಟ್ಟಿಕೊಂಡು ಖುಷಿಗೆ ಯಾರು ಹೋಗುತ್ತಾರೆ?

ಹೋಗುವುದು ಬೀಗರು ಬಂದಾಗ. ಮೂವತ್ತು ವರ್ಷದ ಹಿಂದೆ ನಮ್ಮ ಮನೆತನ ನೋಡಲೆಂದು ಬಾಗಲಕೋಟೆಯಿಂದ ಹೆಣ್ಣಿನ ಕಡೆಯವರು ಟೆಂಪೋ ತುಂಬ ಬಂದರು. ಹುಡುಗಿಯೂ ಬಂದಿದ್ದಳು. ಮನೆತನವನ್ನು ಅರ್ಧ ತಾಸಿನಲ್ಲಿ ನೋಡಿ ಮುಗಿಸಿ, “ಗೋಳಗುಮ್ಮಟ ತೋರಸ್ರಿ” ಅಂದರು. ಟಾಂಗಾ ಮಾಡಿಕೊಂಡು ಹೋಗಿ, ಮೂಲೆಯ ಗೋಪುರದ ಏಳು ಅಂತಸ್ತಿನ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮೇಲಿನ ಸುತ್ತುಪಡಸಾಲೆಗೆ ಬಂದೆವು. ಆ ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಈ ಬದಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಬದಿಯ ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ. ಗೈಡ್ ಕಡ್ಡಿ ಗೀರುತ್ತೇನೆ, ಆಲಿಸಿರಿ ಎಂದು ನನ್ನನ್ನು ಎದುರು ಬದಿಗೆ ಕಳಿಸಿದ. ಕಿವಿಯಿಟ್ಟೆ. ಕಡ್ಡಿಯ ಸದ್ದಿಗಿಂತ ಮೊದಲು ಹುಡುಗಿಯ ಚಿಗವ್ವನ ದನಿ ಬಂತು: “ಹುಡುಗ ಚೊಲೋ ಅದಾನ, ಆದ್ರ ನೆತ್ತಿ ಖಾಲಿ ಆಗಾಕತ್ತೈತಿ.”

ನಾನೂ ಗೋಡೆಗೆ ಬಾಯಿಟ್ಟು ಹೇಳಿದೆ, “ಗುಮ್ಮಟಕ್ಕೂ ಕೂದಲಿಲ್ರಿ.”

ಆ ಬದಿಯಲ್ಲಿ ಯಾರೋ ನಕ್ಕರು. ಅಲ್ಲಿ ಗಟ್ಟಿಯಾಗಿ ಮಾಡಿದ ಸದ್ದು ಏಳು ಸಲ ತಿರುಗಿ ಬರುತ್ತದೆ. ನಗು ಏಳು ಸಲ ಬಂತು. ನಕ್ಕವಳೇ ಈಗ ನಮ್ಮಾಕಿ. ಮಹಮ್ಮದ್ ಆದಿಲ್ ಶಾಹ ಅದನ್ನು ತನ್ನ ಗೋರಿಗೆಂದು ಕಟ್ಟಿಸಿದ್ದನೆಂಬುದು ನಿಜ, ಆದರೆ ನನಗೆ ಮಾತ್ರ ಅದು ಲಗ್ನದ ಮಂಟಪವಿದ್ದಂತೆ.

ಅಳಿಯನ ಮಾತಿಗೆ ಬರುತ್ತೇನೆ. ಎಡಿನ್‌ಬರೋ ಕೋಟೆಯ ಮೇಲೆ ಮಾನ್ಸ್ ಮೆಗ್ ಎಂಬ ತೋಪಿದೆಯಂತೆ. ಅದರ ಬಾಯೊಳಗೆ ಇಣುಕುವ ಫೋಟೋ ಕಳಿಸಿ, “1449ರದ್ದು ಮಾಮಾ, ಆರು ಟನ್!” ಎಂದು ಬರೆದ. ನನಗೆ ನಗು ಬಂತು. ನಮ್ಮ ಶೇರ್ಜಾ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ 55 ಟನ್. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಅದರ ಮೂತಿಯಲ್ಲಿ ಸಿಂಹ ಬಾಯಿ ತೆರೆದು ಆನೆಯನ್ನು ಕಚ್ಚಿಕೊಂಡಿದೆ. ಇಲ್ಲಿಗೆ ಎಳೆದು ತರಲು ಹತ್ತು ಆನೆ, ನಾನೂರು ಎತ್ತು ಬೇಕಾದವೆಂದು ಹೇಳುವ ಮಾತಿದೆ. ಮಾನ್ಸ್ ಮೆಗ್ ಇದರ ಮಗ್ಗುಲಲ್ಲಿ ಹಬ್ಬದ ಪಟಾಕಿ.

ಹಾಗೆಂದು ಬರೆದು ಕಳಿಸುವ ಮೊದಲು ಇನ್ನೊಂದು ಸಂಗತಿ ನೆನಪಾಗಿ ಕೈ ತಡೆಯಿತು. ಮಾನ್ಸ್ ಮೆಗ್‌ಅನ್ನು 1754ರಲ್ಲಿ ಲಂಡನ್ನಿಗೆ ಒಯ್ದಿದ್ದರು. ವಾಲ್ಟರ್ ಸ್ಕಾಟ್‌ನಂಥ ಕಾದಂಬರಿಕಾರ ಬೆನ್ನುಹತ್ತಿ ಬೇಡಿದ ಮೇಲೆ 1829ರಲ್ಲಿ ಅದು ಊರಿಗೆ ಮರಳಿತು. ನಮ್ಮದನ್ನೋ 1854ರಲ್ಲಿ ಹರಾಜಿಗೆ ಇಟ್ಟರು. ಹೆಚ್ಚೆಂದರೆ ಬಂದ ಸವಾಲು ನೂರಾ ಐವತ್ತು ರೂಪಾಯಿ. ಇಷ್ಟು ಕಡಿಮೆಗೆ ಕೊಡುವುದು ಬೇಡವೆಂದು ಒಬ್ಬ ಅಧಿಕಾರಿಗೆ ಅನ್ನಿಸಿದ್ದಕ್ಕೆ ಉಳಿಯಿತು. ಆ ದಿನ ಇನ್ನೂರು ಕೂಗುವ ಒಬ್ಬ ಗುಜರಿಯವ ಬಂದಿದ್ದರೆ ಇವತ್ತು ನಮ್ಮ ಮನೆಗಳಲ್ಲಿ ಒಳ್ಳೇ ಕಂಚಿನ ತಾಟುಗಳಿರುತ್ತಿದ್ದವು. ಪಟಾಕಿಯ ಮಾತು ಅಳಿಸಿ “ಚೊಲೋ ಐತಿ” ಎಂದಷ್ಟೇ ಕಳಿಸಿದೆ.

ಆದರೂ ಹುಡುಗನ ಪ್ರಶ್ನೆ ಉಗುರಿನ ಸಂದಿಯ ಸಿಬರಿನಂತೆ ಚುಚ್ಚುತ್ತಲೇ ಇತ್ತು. ಫೆಬ್ರವರಿಯ ಒಂದು ಶುಕ್ರವಾರ ರಾತ್ರಿ ನಮ್ಮಾಕಿಗೆ ಹೇಳಿದೆ, “ನಾಳೆ ಕೋಟಿ ನೋಡಾಕ ಹೋಗೂಣು.” ಆಕೆ ಕಿಟಕಿಯಿಂದ ಹೊರಗೆ ನೋಡಿ, “ಕಾಣಸ್ತೈತಲ್ರಿ,” ಎಂದಳು. ಇದಲ್ಲ, ಬ್ಯಾರೇ, ಹೊರಗೆ, ದಿನದ ಮಟ್ಟಿಗೆ ಎಂದು ತಿಳಿಸಿ ಹೇಳಿದ ಮೇಲೆ ಒಪ್ಪಿದಳು. ಬೆಳಗಾಗುವಷ್ಟರಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಚಟ್ನಿ, ಕೆನಿ ಮೊಸರು ಬುತ್ತಿಯಾಗಿ ಗಂಟು ಬಿದ್ದಿದ್ದವು. ಅಲ್ಲಿಯವರು ಕೋಟೆಗೆ ಹೋಗುವಾಗ ಎರಡು ಬ್ರೆಡ್ಡಿನ ನಡುವೆ ಏನೋ ಇಟ್ಟುಕೊಂಡು ಹೋಗುತ್ತಾರಂತೆ. ಅಂಥವರು ಕೋಟೆಯನ್ನೇ ನೋಡಬೇಕಾಗುತ್ತದೆ, ಬೇರೆ ಗತಿಯಿಲ್ಲ.

ಅಥಣಿ ರಸ್ತೆ ಹಿಡಿದರೆ ಮೊದಲು ಸಿಗುವುದು ತೊರವಿ. ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗೆ ಸಂಗೀತದ ಹುಚ್ಚು. ‘ಕಿತಾಬ್-ಎ-ನೌರಸ್’ ಎಂದು ಹಾಡುಗಳ ಹೊತ್ತಗೆ ಬರೆದು, ಅದನ್ನು ಸರಸ್ವತಿಯ ಸ್ತುತಿಯಿಂದ ಸುರು ಮಾಡಿದ ಸುಲ್ತಾನ ಅವನು. 1599ರಲ್ಲಿ ಇಲ್ಲಿ ನವರಸಪುರವೆಂಬ ಹೊಸ ರಾಜಧಾನಿಗೆ ಕೈಹಾಕಿದ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಅದನ್ನು ಹಾಳುಗೆಡವಿತು. ಉಳಿದ ಸಂಗೀತ ಮಹಲು ಊರೊಳಗಿನ ಗಗನ ಮಹಲಿನ ತಮ್ಮನಂತಿದೆ: ಅವೇ ಮೂರು ಕಮಾನು, ಅದೇ ಬೋಳು ನೆತ್ತಿ. (ಆ ಚಿಗವ್ವ ಇದನ್ನು ನೋಡಬೇಕಿತ್ತು.) ಅಳಿಯ ಕಳಿಸಿದ ಲಿನ್‌ಲಿತ್ಗೋ ಅರಮನೆಗೂ ಮಾಳಿಗೆಯಿಲ್ಲ. 1746ರಲ್ಲಿ ಸುಟ್ಟುಹೋಯಿತಂತೆ. ಅಲ್ಲಿ 1542ರಲ್ಲಿ ಹುಟ್ಟಿದ ರಾಣಿ ಮೇರಿ, ನಮ್ಮ ಚಾಂದಬೀಬಿಯ ಕಾಲದವಳೇ. ಒಬ್ಬಳ ತಲೆಯನ್ನು ಬಂಧುವಾದ ರಾಣಿಯೇ ತೆಗೆಸಿದಳು, ಇನ್ನೊಬ್ಬಳನ್ನು ಅವಳ ಮಂದಿಯೇ ಕೊಂದರು. ಮಳೆ ಬರಲಿ, ಬಿಸಿಲಿರಲಿ, ಅರಮನೆಯ ಸುದ್ದಿ ಒಂದೇ.

ನಾನು ಕಮಾನಿನ ಕೆಳಗೆ ನಿಂತು ಸಂಗೀತ ಆಲಿಸುತ್ತಿದ್ದೆ. ಎರಡು ಆಡು ಹಾಡುತ್ತಿದ್ದವು. ನಮ್ಮಾಕಿ ಅಷ್ಟರಲ್ಲಿ ನರಸಿಂಹನ ಗುಡಿಗೆ ಹೋಗಿ ಕೈಮುಗಿದು ಬಂದಿದ್ದಳು. ಕುಮಾರ ವಾಲ್ಮೀಕಿ ತೊರವೆ ರಾಮಾಯಣವನ್ನು ಈ ದೇವರ ಅಂಕಿತದಲ್ಲಿ ಬರೆದ. ಸುಲ್ತಾನನ ಊರು ಹಾಳು ಬಿದ್ದಿದೆ, ಕವಿಯ ದೇವರಿಗೆ ಇವತ್ತೂ ಎಣ್ಣೆ ಬತ್ತಿ ನಡೆದಿದೆ ಎಂದು ನಾನೊಂದು ದೊಡ್ಡ ಮಾತು ತೆಗೆಯುವಷ್ಟರಲ್ಲಿ ಆಕೆ “ಬುತ್ತಿ ಬಿಸಲಿಗೆ ಐತ್ರಿ, ನಡ್ರಿ” ಎಂದಳು.

ಟಿಕೋಟಾ ಮುಟ್ಟಿದಾಗ ಹತ್ತೂವರೆ. ಹೆಸರಿನಲ್ಲೇ ಕೋಟ ಇದೆಯಲ್ಲ ಎಂಬ ಧೈರ್ಯದಿಂದ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರನ್ನು ಕೇಳಿದೆ, “ಯಜಮಾನ್ರ, ಇಲ್ಲಿ ಕೋಟಿ ಎಲ್ಲೈತ್ರಿ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕೋಟಿ ಎಲ್ಲಿಂದ ಬರಬೇಕ್ರಿ ಸರ? ದ್ರಾಕ್ಷಿ ಹಚ್ಚಿದವಂಗ ಬ್ಯಾಂಕಿನ್ಯಾಗ ಬರೀ ಸಾಲ ಐತಿ.”

ನಾನು ಆದಾಯ ತೆರಿಗೆಯವನೆಂದು ತಿಳಿದಿದ್ದರು. ಅಲ್ಲವೆಂದು ಗೊತ್ತಾದ ಮೇಲೆ ತೋಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಂಡಿತು ಟಿಕೋಟಾದ ನಿಜವಾದ ಮಹಲು: ಕಬ್ಬಿಣದ ಕಂಬ, ನಾಲ್ಕೂ ಕಡೆ ಹಸಿರು ಜಾಳಿಗೆ, ಒಳಗೆ ಒಂದರ ಮೇಲೊಂದು ಬಲೆಯ ಅಂತಸ್ತು. ಗೋಳಗುಮ್ಮಟದ ಗೋಪುರಕ್ಕೂ ಅಷ್ಟೇ ಅಂತಸ್ತು ಎಂದು ಎಣಿಸಿ ಸಮಾಧಾನಪಟ್ಟೆ. ಕೊಯ್ದ ದ್ರಾಕ್ಷಿಯನ್ನು ಎಣ್ಣೆ, ಪೊಟ್ಯಾಶ್ ಕಲಸಿದ ನೀರಿನಲ್ಲಿ ಅದ್ದಿ ಆ ಬಲೆಯ ಮೇಲೆ ಹರಡುತ್ತಾರೆ. ಎರಡು-ಮೂರು ವಾರಕ್ಕೆ ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಆ ಹದಿನೈದು-ಇಪ್ಪತ್ತು ದಿನದಲ್ಲಿ ಅಕಾಲ ಮಳೆ ಬಂದರೆ ಯಾವ ಮುತ್ತಿಗೆಯೂ ಮಾಡದ ಹಾಳು ಅದು ಮಾಡುತ್ತದೆ. ಹಿರಿಯರು ಆಕಾಶ ನೋಡುತ್ತಿದ್ದ ರೀತಿ ಬುರುಜಿನ ಮೇಲಿನ ಕಾವಲಿನವನದ್ದೇ. ನಮ್ಮಾಕಿಯ ಸೆರಗಿನಲ್ಲಿ ಬೇಡಬೇಡವೆಂದರೂ ಎರಡು ಬೊಗಸೆ ಸುರಿದರು.

ಅಲ್ಲಿಂದ ಬಬಲೇಶ್ವರದ ದಾರಿ. ಮಠಕ್ಕೆ ಹೋಗಿ ಬಂದು, ಊರು ದಾಟಿ, ದಾರಿ ತಪ್ಪಿ ಒಂದು ಸಣ್ಣ ಹಳ್ಳಿಗೆ ನುಗ್ಗಿದೆವು. ನಾನು ನೋಡಬೇಕೆಂದು ಹೊರಟಿದ್ದು ಇದನ್ನೇ ಎಂದು ಗೊತ್ತಾದದ್ದು ಆಗ. ಅಗಸಿ ಬಾಗಿಲು, ಅದರಾಚೆ ಅರ್ಧ ಬಿದ್ದ ವಾಡೆ, ವಾಡೆಯ ಬೆನ್ನಿಗೆ ಒಂದು ಹುಡೇವು. ನಮ್ಮ ಸೀಮೆಯ ಎಷ್ಟೋ ಊರಿನಲ್ಲಿ ಇದು ಹೀಗೇ ಇದೆ, ಅಥವಾ ಇತ್ತು: ಕಲ್ಲು ಮಣ್ಣಿನ ದುಂಡನೆಯ ಗೋಪುರ, ಮೇಲೆ ಹತ್ತಿದರೆ ನಾಲ್ಕು ಊರಿನ ಹೊಲ ಕಾಣಬೇಕು. ಪಿಂಡಾರಿಗಳೋ ಯಾವುದೋ ದಂಡೋ ಧೂಳೆಬ್ಬಿಸುತ್ತ ಬರುವುದು ಕಂಡರೆ ಮೇಲಿನವ ಕೂಗಬೇಕು, ಕೆಳಗಿನವರು ದನ ಒಳಗೆ ಹೊಡೆದು ಅಗಸಿ ಹಾಕಬೇಕು. ಜೋಳ ಆಗಲೇ ಹಗೇವಿನಲ್ಲಿ ನೆಲದೊಳಗೆ ಇರುತ್ತಿತ್ತು. ನೋಡಲು ಮೇಲಕ್ಕೆ ಹುಡೇವು, ಅಡಗಿಸಲು ಕೆಳಕ್ಕೆ ಹಗೇವು. ಯಾವ ವಾಸ್ತುಶಿಲ್ಪಿಯೂ ಇಷ್ಟು ಅಡಕವಾಗಿ ಯೋಚಿಸಿರಲಾರ.

ಅಳಿಯ ಹೋದ ತಿಂಗಳು ಸ್ಮೇಲ್‌ಹೋಮ್ ಎಂಬ ಒಂಟಿ ಗೋಪುರದ ಫೋಟೋ ಕಳಿಸಿದ್ದ. ಇಂಗ್ಲೆಂಡಿನ ಗಡಿಯಲ್ಲಿ ಬಂಡೆಯ ಮೇಲೆ ನಿಂತದ್ದು. ಆ ಗಡಿಯಲ್ಲಿ ಇತ್ತಲಿನವರು ಅತ್ತಲಿನವರ, ಅತ್ತಲಿನವರು ಇತ್ತಲಿನವರ ದನ ಹೊಡೆದುಕೊಂಡು ಹೋಗುವುದೇ ಕಸುಬಾಗಿತ್ತಂತೆ. ಅದಕ್ಕೇ ಅಂಥ ಗೋಪುರಗಳು ಎದ್ದವಂತೆ. ಹುಡೇವಿನ ಬುಡದಲ್ಲಿ ನಿಂತು ಅದನ್ನು ಮೊಬೈಲಿನಲ್ಲಿ ಮತ್ತೆ ತೆಗೆದು ನೋಡಿದೆ. ನಮ್ಮದು ದುಂಡಗೆ, ಅವರದು ಚೌಕ. ಅವರದರ ಸುತ್ತ ಹುಲ್ಲು, ನಮ್ಮದರ ಸುತ್ತ ಕುಳ್ಳು ಬಡಿದಿದ್ದರು. ಇಷ್ಟೇ ಫರಕು. ಎಮ್ಮೆಗೆ ನೀರು ಕುಡಿಸುತ್ತಿದ್ದ ತಾಯಿ, “ಅದರಾಗ ಏನೂ ಇಲ್ರಿ, ಪಾರಿವಾಳ ಅದಾವು” ಎಂದಳು, ನಾವು ಕೊಳ್ಳಲು ಬಂದವರೇನೋ ಎಂಬಂತೆ.

ಮಧ್ಯಾಹ್ನ ಮಮದಾಪುರ. ಮಹಮ್ಮದನ ಹೆಸರು ನಮ್ಮ ಜನರ ನಾಲಗೆಯಲ್ಲಿ ಸವೆದು ಮಮದನಾಗಿ, ಊರಿಗೆ ನಿಂತಿದೆ. ಗುಮ್ಮಟ ಕಟ್ಟಿಸಿದವನೇ 1633ರಲ್ಲಿ ಇಲ್ಲೊಂದು ದೊಡ್ಡ ಕೆರೆ ಕಟ್ಟಿಸಿದ. ಅವನ ಕೆಲಸಗಳಲ್ಲಿ ನನಗೆ ಗುಮ್ಮಟಕ್ಕಿಂತ ಇದೇ ದೊಡ್ಡದೆನ್ನಿಸುತ್ತದೆ, ಆದರೆ ಇದನ್ನು ನೋಡಲು ಯಾರೂ ಟಾಂಗಾ ಮಾಡಿಕೊಂಡು ಬರುವುದಿಲ್ಲ. ಏರಿಯ ಮೇಲೆ ಬೇವಿನ ನೆರಳಲ್ಲಿ ಗಂಟು ಬಿಚ್ಚಿದೆವು. ನೀರು ಮಿನುಗುತ್ತಿತ್ತು. ಬಿಳಿಯ ಹಕ್ಕಿಯೊಂದು ಒಂಟಿಗಾಲಲ್ಲಿ ನಿಂತು ನಮ್ಮ ಎಣಗಾಯಿಯನ್ನೇ ನೋಡುತ್ತಿತ್ತು.

ಕೆರೆಯ ಫೋಟೋ ತೆಗೆದು, ಕೆಳಗೆ ಇಸವಿ, ಸುಲ್ತಾನನ ಹೆಸರು, ಬೆಳಗಿನಿಂದ ಕಂಡ ಸಂಗೀತ ಮಹಲು, ಹುಡೇವು ಎಲ್ಲ ಸವಿಸ್ತಾರ ಬರೆದು, “ಈ ವಾರದ ಕೋಟಿ” ಎಂದು ಎಡಿನ್‌ಬರೋಕ್ಕೆ ಕಳಿಸಿದೆ. ಅಲ್ಲಿ ಆಗಷ್ಟೇ ಬೆಳಗಾಗಿರಬೇಕು. ಐದು ನಿಮಿಷಕ್ಕೆ ಉತ್ತರ ಬಂತು. ನನ್ನ ಫೋಟೋದ ಒಂದು ಮೂಲೆಯನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ, ಕೆಂಪು ಸುತ್ತು ಹಾಕಿ ಕಳಿಸಿದ್ದ. ಅದರಲ್ಲಿ ಕೆರೆಯೂ ಇರಲಿಲ್ಲ, ಏರಿಯೂ ಇರಲಿಲ್ಲ.

“ಮಾಮಾ, ಅತ್ತಿ ಕೈಯಾಗಿಂದು ಸಜ್ಜಿ ರೊಟ್ಟಿನ?”

ನಮ್ಮಾಕಿ ಅದನ್ನು ಓದಿ, ಬೆರಳು ನೆಕ್ಕಿ ಒರೆಸಿಕೊಂಡು, ಮೊಬೈಲು ಕಸಿದು ಅವನಿಗೆ ಒಂದೊಂದೇ ಅಕ್ಷರ ಒತ್ತತೊಡಗಿದಳು. ಮುಗಿಯುವ ತನಕ ನಾನು ಹಕ್ಕಿಯನ್ನು ಕಾಯುತ್ತ ಕೂತೆ.