ಜೀರಹಳ್ಳಿಯ ಸರ್ವರ್ ಸಾಹುಕಾರ

ಮುಂಬೈಯಲ್ಲಿ ತುರಾಖಿಯಾ ಮನೆತನದ ಅಣ್ಣತಮ್ಮಂದಿರಿಬ್ಬರು, ಭವಿನ್ ಮತ್ತು ದಿವ್ಯಾಂಕ್. 1998ರಲ್ಲಿ ಅಣ್ಣನಿಗೆ 18, ತಮ್ಮನಿಗೆ 16. ಅಪ್ಪನ ಹತ್ತಿರ 25,000 ರೂಪಾಯಿ ಸಾಲ ಇಸಿದುಕೊಂಡು ವೆಬ್ ಹೋಸ್ಟಿಂಗ್ ವ್ಯಾಪಾರಕ್ಕೆ ಕೂತರು. ಅದು ಡೈರೆಕ್ಟಿ ಅನ್ನುವ ಕಂಪನಿಯಾಗಿ ಬೆಳೆದು, 2014ರಲ್ಲಿ ಅದರ ನಾಲ್ಕು ಬ್ರ್ಯಾಂಡುಗಳು ಅಮೆರಿಕದ ಕಂಪನಿಯೊಂದಕ್ಕೆ 16 ಕೋಟಿ ಡಾಲರಿಗೆ ಹೋದವು. ರಾತ್ರಿ ಊಟದ ಹೊತ್ತಿನಲ್ಲಿ ಈ ಕಥೆಯನ್ನು ನಾನು ಮನೆಮಂದಿಗೆ ಓದಿ ಹೇಳಿದೆ. ಡಾಲರನ್ನು ರೂಪಾಯಿ ಮಾಡುವಾಗ ನನ್ನ ದನಿ ಸ್ವಲ್ಪ ನಡುಗಿತು.

“ಇಬ್ಬರ ವಯಸ್ಸೂ ಕೂಡಿದರೆ 34. ನಿಮಗೊಬ್ಬರಿಗೇ 47,” ಅಂದಳು ನಮ್ಮಾಕೆ, ಮುದ್ದೆ ತಿರುವುತ್ತಾ. “ಇನ್ನು ಸಾಲ ಕೊಡೋಕೆ ನಿಮ್ಮಪ್ಪ ಇಲ್ಲ. ನಮ್ಮಪ್ಪನ ಹತ್ತಿರ ಹೋಗೀರಿ, ಜೋಕೆ.”

ನಾನು ಎರಡನೇ ಉದಾಹರಣೆ ಹೊರಗೆ ತೆಗೆದೆ. ಜೋಹೋ ಕಂಪನಿಯ ಶ್ರೀಧರ್ ವೆಂಬು ನಮ್ಮ ತಮಿಳುನಾಡಿನದೇ ತೆಂಕಾಸಿ ಹತ್ತಿರದ ಮತ್ತಳಂಪಾರೈ ಹಳ್ಳಿಯಲ್ಲಿ ಪಂಚೆ ಉಟ್ಟುಕೊಂಡು ಕೂತು ಪ್ರಪಂಚಕ್ಕೆಲ್ಲ ಸಾಫ್ಟ್‌ವೇರ್ ಮಾರುತ್ತಾರೆ. ಪಂಚೆ ನನ್ನಲ್ಲೂ ಇದೆ.

“ಅವರು ಕಂಪನಿ ಕಟ್ಟಿ ಆಮೇಲೆ ಹಳ್ಳಿಗೆ ಬಂದರು. ನೀವು ಹಳ್ಳಿ ಬಿಟ್ಟು ಏಳೋಕಾಗದೆ ಕಂಪನಿ ಕಟ್ತೀನಿ ಅಂತೀರಿ,” ಅಂದಳು. ಮಗಳು ನಕ್ಕಳು. ಅವಳು ಮೈಸೂರಿನಲ್ಲಿ ಬಿ.ಇ. ಓದುತ್ತಾಳೆ, ಅವಳ ನಗೆಗೆ ಫೀಸು ನಾನೇ ಕಟ್ಟುವುದು.

ಜೀರಹಳ್ಳಿ ಎಲ್ಲಿದೆ ಅಂತ ತಿಳಿಯದವರಿಗೆ ಒಂದು ಮಾತು. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮಾತು ಕನ್ನಡ, ಆನೆಗಳು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದವು. ಅರಣ್ಯ ಇಲಾಖೆ ನಮ್ಮೂರ ಹೆಸರಿನಲ್ಲೇ ಒಂದು ರೇಂಜ್ ಮಾಡಿರುವುದರಿಂದ ಊರಿನ ಹೆಸರು ಪೇಪರಿನಲ್ಲಿ ಬಂದರೆ ಆನೆ ಬಂತು ಅಂತಲೇ ಅರ್ಥ. ಚಾಮರಾಜನಗರ ಗಡಿಯಾಚೆ ಪಕ್ಕದಲ್ಲೇ ಇದ್ದರೂ ಬೇರೆ ರಾಜ್ಯ; ಈರೋಡು ನಮ್ಮದೇ ಜಿಲ್ಲೆಯಾದರೂ ದಿಂಬಂ ಘಾಟಿಯ 27 ತಿರುವು ಇಳಿದು ನೂರು ಕಿಲೋಮೀಟರಿಗೂ ಮೇಲೆ. ಆ ಘಾಟಿಯಲ್ಲೂ 2022ರ ಫೆಬ್ರವರಿಯಿಂದ ರಾತ್ರಿ ಲಾರಿ ಓಡುವಂತಿಲ್ಲ. ಆಲೂಗೆಡ್ಡೆ ತುಂಬಿದ ಲಾರಿ ಮೇಟುಪಾಳ್ಯದ ಮಂಡಿ ಮುಟ್ಟುವ ಹೊತ್ತಿಗೆ ದರ ಬಿದ್ದಿರುತ್ತದೆ. ನನ್ನ ತಲೆಗೆ ಹೊಳೆದದ್ದು ಇದೇ. ಸರ್ವರಿನ ಜಾಗ ಕೊಳೆಯುವುದಿಲ್ಲ. ಅದಕ್ಕೆ ಲಾರಿ ಬೇಡ, ಗೋಣಿಚೀಲ ಬೇಡ. ಮುಖ್ಯವಾಗಿ, ಆನೆ ತಿನ್ನುವುದಿಲ್ಲ.

ವ್ಯಾಪಾರದ ಗುಟ್ಟನ್ನು ನಮ್ಮಾಕೆಗೆ ಬಿಡಿಸಿ ಹೇಳಿದೆ. ಸರ್ವರು ಯಾರದೋ, ಮುಂಬೈಯ ಡೇಟಾ ಸೆಂಟರಿನಲ್ಲಿ ಇರುತ್ತದೆ. ಅದರಲ್ಲಿ 100 ಜಿಬಿ ನಾವು ತಿಂಗಳ ಬಾಡಿಗೆಗೆ ಹಿಡಿಯುವುದು, ಅದನ್ನೇ ಹೋಳು ಮಾಡಿ ವೆಬ್‌ಸೈಟ್ ಬೇಕಾದವರಿಗೆ ಕೊಡುವುದು, ನಡುವಿನ ವ್ಯತ್ಯಾಸ ನಮ್ಮದು. ಇದಕ್ಕೆ ರೀಸೆಲ್ಲರ್ ಅನ್ನುತ್ತಾರೆ.

“ಅಂದರೆ ಇನ್ನೊಬ್ಬರ ಹೊಲ ಗುತ್ತಿಗೆಗೆ ಹಿಡಿದು, ಅದನ್ನೇ ತುಂಡು ಮಾಡಿ ವಾರಕ್ಕೆ ಕೊಡೋದು.”

“ಅದಕ್ಕಿಂತ ಲಾಭ. ಒಬ್ಬೊಬ್ಬರಿಗೆ 10 ಜಿಬಿ ಅಂತ 20 ಜನಕ್ಕೆ ಕೊಡಬಹುದು. ಯಾರೂ ಪೂರ್ತಿ ಬಳಸಲ್ಲ.”

ಅವಳು ಬೆರಳಲ್ಲಿ ಲೆಕ್ಕ ಹಾಕಿದಳು. “ನೂರು ಎಕರೆ ಇಟ್ಟುಕೊಂಡು ಇನ್ನೂರು ಎಕರೆ ಗುತ್ತಿಗೆಗೆ ಕೊಟ್ಟರೆ ತಾಳವಾಡಿ ಪೊಲೀಸರು ಮನೆಗೇ ಬರ್ತಾರೆ.” ಕಂಪ್ಯೂಟರ್ ಲೋಕದಲ್ಲಿ ಇದು ರೂಢಿ ಅಂತ ನಾನು ಹೇಳಿದ್ದು ಅವಳಿಗೆ ಸಮಾಧಾನ ತಂದಂತೆ ಕಾಣಲಿಲ್ಲ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಮಾತ್ರ ನೇರವಾಗಿ ಕೇಳಿತು: “ಯಾನ ಮಾರೀಯಪ್ಪ ನೀನು? ಕಣ್ಗೂ ಕಾಣಲ್ಲ, ಕೈಗೂ ಸಿಕ್ಕಲ್ಲ. ಕೊಂಡೋನು ಚೀಲ್ದಲ್ಲಿ ಯಾನ ತಕ್ಕೊಂಡೋಗ್ಬೇಕು?”

ತಿಂಗಳಿಗೆ 1,800 ರೂಪಾಯಿಯ ಪ್ಲಾನ್ ಹಿಡಿದೆ. ಗಿರಾಕಿಗೆ ತಿಂಗಳಿಗೆ 150ರಂತೆ ಮಾರಿದರೆ 12 ಜನಕ್ಕೆ ಅಸಲು, 13ನೆಯವನಿಂದ ಲಾಭ. ಕಂಪನಿಯ ಹೆಸರು ಇಲ್ಲಿ ಹೇಳುವುದಿಲ್ಲ. ಅದರಲ್ಲಿ ‘ಗ್ಲೋಬಲ್’ ಇತ್ತು, ‘ಕ್ಲೌಡ್’ ಇತ್ತು, ‘ಜೀರಹಳ್ಳಿ’ ಇರಲಿಲ್ಲ ಅಂದರೆ ಸಾಕು. ಈ ವ್ಯಾಪಾರದಲ್ಲಿ ಇನ್ನೊಂದು ಸೌಕರ್ಯ: ನೇಮ್‌ಸರ್ವರುಗಳನ್ನೂ ನಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಬಹುದು, ಎಲ್ಲವೂ ನಮ್ಮದೇ ಅಂತ ಗಿರಾಕಿ ತಿಳಿಯುತ್ತಾನೆ. ನಮ್ಮ ಒಬ್ಬ ಗಿರಾಕಿಯ ತಂದೆಯಂತೂ ಸರ್ವರ್ ನೋಡಲೇಬೇಕು ಅಂತ ಬೈಕ್ ಹತ್ತಿಕೊಂಡು ಬಂದರು. ಬಿತ್ತನೆ ಗೆಡ್ಡೆ ಇಟ್ಟ ಕೋಣೆಯಲ್ಲಿ ನನ್ನ ಕಂಪ್ಯೂಟರಿದೆ, ಅದರ ಮೇಲೆ ನಮ್ಮಾಕೆಯ ಹಳೇ ಸೀರೆ. ಹಿರಿಯರು ಕೆಳಗೆ ಮಿಣಮಿಣ ಅನ್ನುತ್ತಿದ್ದ ಯುಪಿಎಸ್ ನೋಡಿ, “ಇದೇ ಏನಪ್ಪ?” ಅಂದರು. ಸರ್ವರ್ ಮುಂಬೈಯಲ್ಲಿದೆ ಅಂದು ಅಷ್ಟು ದೂರದಿಂದ ಬಂದವರ ಮನಸ್ಸು ನೋಯಿಸಬಾರದಲ್ಲ, ಹೂಂ ಅಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಯುಪಿಎಸ್‌ಗೆ ಕೈಮುಗಿದು ಬಂದರು.

ಖಾತೆ ತೆರೆಯುವಾಗ, ಹಣ ಕಟ್ಟುವಾಗ, ಡೊಮೇನ್ ಕೊಳ್ಳುವಾಗ ಒಂದೊಂದು ಓಟಿಪಿ. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಕೊಟ್ಟಿಗೆಯ ಹಿಂದೆ ಹಸು ಕಟ್ಟುವ ಗೂಟದ ಹತ್ತಿರ ಕರ್ನಾಟಕದ ಟವರ್ ಸಿಗುತ್ತದೆ, ನೀರಿನ ತೊಟ್ಟಿಯ ಮೇಲೆ ಹತ್ತಿದರೆ ತಮಿಳುನಾಡಿನದು. ಓಟಿಪಿ ಯಾವ ರಾಜ್ಯದಿಂದ ಬರುತ್ತದೋ ಮೊದಲೇ ತಿಳಿಯುವುದಿಲ್ಲ. ನಾನು ತೊಟ್ಟಿಯ ಮೇಲಿಂದ ಆರು ಅಂಕಿ ಕೂಗುವುದು, ಮಗಳು ಕೋಣೆಯಲ್ಲಿ ಕುಟ್ಟುವುದು. ಪಕ್ಕದ ಮನೆಯವರು ಬಹಳ ದಿನ ನಾನು ಲಾಟರಿ ಹುಚ್ಚು ಹಿಡಿಸಿಕೊಂಡಿದ್ದೇನೆ ಅಂತ ತಿಳಿದಿದ್ದರು.

ತೆರಿಗೆಯ ಬಗ್ಗೆಯೂ ಗಾಢವಾಗಿ ಅಭ್ಯಾಸ ಮಾಡಿದೆ. ಹೋಸ್ಟಿಂಗ್‌ಗೆ ಜಿಎಸ್‌ಟಿ 18 ಪರ್ಸೆಂಟ್. ಗಿರಾಕಿ ಈರೋಡಿನವನಾದರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9. ಚಾಮರಾಜನಗರದ ಭಾವಮೈದನಾದರೆ ಅಂತರರಾಜ್ಯ ವ್ಯಾಪಾರ, ಒಟ್ಟಿಗೆ 18 ಐಜಿಎಸ್‌ಟಿ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸೇವೆ ಮಾರುವವನು ನೋಂದಣಿ ಮಾಡಿಸಬೇಕಾಗಿಲ್ಲ ಅನ್ನುವುದು ಕೊನೆಯಲ್ಲಿ ತಿಳಿಯಿತು. ಆ ಮೊತ್ತ ಮುಟ್ಟಲು ಜೀರಹಳ್ಳಿಯ ಪ್ರತಿ ಎಮ್ಮೆಗೂ ಒಂದೊಂದು ವೆಬ್‌ಸೈಟ್ ಬೇಕಾಗುತ್ತಿತ್ತು.

ಹಾಗೂ ಹೀಗೂ 19 ಗಿರಾಕಿಗಳಾದರು. ಅದರಲ್ಲಿ ಏಳು ಜನ ನೆಂಟರು. ನೆಂಟರ ಹತ್ತಿರ ದುಡ್ಡು ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ, ಕೊಡುವ ಪದ್ಧತಿಯಂತೂ ಇಲ್ಲವೇ ಇಲ್ಲ. ಜಾಗ ಹೇಗೂ ಖಾಲಿ ಬಿದ್ದಿದೆ, ಹೋಗಲಿ ಅಂದರೆ ಅದೂ ಹಾಗಿಲ್ಲ. ಸೈಟ್ ನಿರ್ವಹಣೆಗೆ ಎಲ್ಲರೂ ಬಳಸುವ ಸಿಪ್ಯಾನೆಲ್ ಅನ್ನುವ ಸಾಫ್ಟ್‌ವೇರಿನವರು 2019ರಲ್ಲಿ ಸರ್ವರಿಗಿಷ್ಟು ಅನ್ನುವ ದರ ಬಿಟ್ಟು ಖಾತೆಗಿಷ್ಟು ಅನ್ನುವ ದರಕ್ಕೆ ಬಂದರು. ಅಲ್ಲಿಂದೀಚೆಗೆ ಪುಕ್ಕಟೆ ನೆಂಟನೂ ಮೇಲಿನವರ ಲೆಕ್ಕದಲ್ಲಿ ಒಂದು ತಲೆ, ತಲೆಗೆ ಇಷ್ಟು ಕಂದಾಯ.

ದುಡ್ಡು ಕೊಡುವ ಹನ್ನೆರಡು ಜನರ ಕಥೆ ಬೇರೆ. ಗಾಜನೂರು ಕಡೆಯ ಹೋಂಸ್ಟೇ ಮಾಲೀಕರು ಮುಖಪುಟಕ್ಕೆ ಅಣ್ಣಾವ್ರ ಫೋಟೋ ಬೇಕು ಅಂದರು. ರಾಜ್‌ಕುಮಾರ್ ಹುಟ್ಟಿದ ಸೀಮೆ, ಬೇಡ ಅನ್ನಲು ನಾನ್ಯಾರು? ಅವರು ಕಳಿಸಿದ ಫೋಟೋ ಎಷ್ಟು ದೊಡ್ಡದಿತ್ತೆಂದರೆ ಪುಟ ತೆರೆಯುವಾಗ ಮೊದಲು ಪೇಟ ಕಾಣುತ್ತಿತ್ತು, ಮೀಸೆ ಬರುವ ಹೊತ್ತಿಗೆ ನೋಡುವವರು ಊಟಿಯಲ್ಲಿ ರೂಮ್ ಮಾಡಿರುತ್ತಿದ್ದರು. ಚಿಕ್ಕದು ಮಾಡೋಣ ಅಂದೆ. “ಅಣ್ಣಾವ್ರನ್ನ ಚಿಕ್ಕದು ಮಾಡ್ತೀರಾ?” ಅಂತ ಅವರು ಕೇಳಿದ ರೀತಿಗೆ ನಾನು ಆ ಮಾತನ್ನೇ ವಾಪಸ್ ತೆಗೆದುಕೊಂಡೆ.

ಸೈಟು ಶೇಕಡ 99.9 ಹೊತ್ತು ನಡೆಯುತ್ತದೆ ಅಂತ ನಾನು ಪತ್ರದಲ್ಲಿ ಬರೆದುಕೊಟ್ಟಿದ್ದೆ. ಮೇಲಿನವರು ನನಗೆ ಬರೆದುಕೊಟ್ಟದ್ದನ್ನೇ ನಾನು ಕೆಳಗಿನವರಿಗೆ ಬರೆದದ್ದು. ಅಂದರೆ ವರ್ಷಕ್ಕೆ 8 ಗಂಟೆ 45 ನಿಮಿಷ ಮಾತ್ರ ನಿಲ್ಲಬಹುದು. ಗಾಳಿಮಳೆ ಬಂದರೆ ನಮ್ಮೂರ ಕರೆಂಟು ಆ ಪಾಲನ್ನು ಒಂದೇ ರಾತ್ರಿ ತಿಂದು ಮುಗಿಸುತ್ತದೆ. ಮುಂಬೈಯ ಸರ್ವರ್ ಉರಿಯುತ್ತಲೇ ಇರುತ್ತದೆ, ಫೋನ್ ಮಾತ್ರ ನನಗೆ ಬರುತ್ತದೆ.

“ಸೈಟ್ ಬರ್ತಾ ಇಲ್ಲ ಸಾ.”

“ನಿಮ್ಮಲ್ಲಿ ಕರೆಂಟ್ ಇದೆಯಾ?”

“ಇಲ್ಲ. ಅದಕ್ಕೂ ಇದಕ್ಕೂ ಯಾನ ಸಂಬಂಧ?”

ವಸೂಲಿ ಅನ್ನುವುದು ಇನ್ನೊಂದು ಪುರಾಣ. ಡೊಮೇನ್ ಮೊದಲ ವರ್ಷ ಅಗ್ಗ, ನವೀಕರಣ ತುಟ್ಟಿ. ಮೊದಲ ವರ್ಷದ ದರವನ್ನು ಮಾತ್ರ ಗಿರಾಕಿ ಮರೆಯುವುದಿಲ್ಲ. ಡಾಟ್ ಕಾಂ ಹೆಸರಿನ ಅವಧಿ ಮುಗಿದರೆ ಹೆಚ್ಚೆಂದರೆ 45 ದಿನ ರಿಯಾಯಿತಿ, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ, ಕಡೆಯ ಐದು ದಿನ ಯಾರೇನು ಮಾಡಿದರೂ ಇಲ್ಲ, ಹೆಸರು ಹರಾಜಿಗೋ ಬಯಲಿಗೋ ಬೀಳುತ್ತದೆ. ಇದನ್ನೆಲ್ಲ ಗುಮಟಾಪುರದ ಗಿರಾಕಿಯೊಬ್ಬರಿಗೆ ವಿವರಿಸಿದರೆ, “ಗೊರೆ ಹಬ್ಬ ಕಳೀಲಿ,” ಅಂದರು. ಅಷ್ಟು ಕಾಯಲಾಗದೆ ಹಬ್ಬದ ದಿನವೇ ಹೋದೆ. ದೀಪಾವಳಿ ಮುಗಿದೊಡನೆ ಅಲ್ಲಿ ಊರಿಗೆ ಊರೇ ಸಗಣಿಗುಡ್ಡೆಗೆ ಇಳಿದು ಒಬ್ಬರಿಗೊಬ್ಬರು ಉಂಡೆ ಎಸೆಯುವ ಹಬ್ಬ. ಸಾಲ ಕೊಟ್ಟವನು ಯಾರು, ತಗೊಂಡವನು ಯಾರು ಅನ್ನುವ ಭೇದ ಆ ಉಂಡೆಗಳಿಗೆ ಇರಲಿಲ್ಲ. ಹಣದ ಬದಲು ಅವರು ಒಂದು ಮೂಟೆ ಕೋಸು ಕೊಟ್ಟು ಕಳಿಸಿದರು. ಕೋಸಿಗೆ ಜಿಎಸ್‌ಟಿ ಇಲ್ಲ ಅನ್ನುವುದೊಂದು ಸಮಾಧಾನ. ಆ ವಾರ ಕೋಸಿಗೆ ದರವೂ ಇರಲಿಲ್ಲ.

ಇಷ್ಟರಲ್ಲಿ ಭಾವಮೈದ ತನ್ನ ಮಗಳ ಮದುವೆ ಗೊತ್ತು ಮಾಡಿದ. ಆಲೂಗೆಡ್ಡೆ ಮಂಡಿಯ ಸೈಟಿಗೆಂದು ನಾನು ಪುಕ್ಕಟೆ ಕೊಟ್ಟ ಖಾತೆಯಿಂದ ಎಲ್ಲೆಲ್ಲಿಂದಲೋ ಸಾವಿರಾರು ಇಮೇಲ್ ವಿಳಾಸ ಒಟ್ಟು ಮಾಡಿ ಲಗ್ನಪತ್ರಿಕೆ ಕಳಿಸಿದ. ನನ್ನ 19 ಗಿರಾಕಿಗಳಿಗೂ ಇರುವುದು ಒಂದೇ ಐಪಿ ವಿಳಾಸ. ಒಬ್ಬ ಕಸದ ಮೇಲ್ ಕಳಿಸಿದರೆ ಆ ವಿಳಾಸ ಕಪ್ಪುಪಟ್ಟಿಗೆ ಬೀಳುತ್ತದೆ, ಆಮೇಲೆ ಎಲ್ಲರ ಮೇಲೂ ಕಸವೇ. ಈರೋಡಿನ ಅರಿಶಿನ ವ್ಯಾಪಾರಿಯ ಕೊಟೇಶನ್ ಹೋಗಲಿಲ್ಲ, ಹೋಂಸ್ಟೇ ಬುಕ್ಕಿಂಗ್ ಹೋಗಲಿಲ್ಲ. ನಾನು ತೊಟ್ಟಿಯ ಮೇಲೆ ಕೂತು ಎಸ್‌ಪಿಎಫ್, ಡಿಕಿಮ್ ಅಂತ ಒಬ್ಬೊಬ್ಬರಿಗೂ ವಿವರಿಸಿದೆ. ಕೇಳಿದವರು ನನಗೇ ಬೈದು ಇಟ್ಟರು.

ನಮ್ಮಾಕೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಮೊದಲು ತಮ್ಮನಿಗೆ ಮಾಡಿದಳು. ಒಂದೂವರೆ ನಿಮಿಷದ ಆ ಮಾತುಕತೆಯನ್ನು ಅಚ್ಚು ಹಾಕುವಂತಿಲ್ಲ. ಆಮೇಲೆ ಹನ್ನೆರಡೂ ಜನಕ್ಕೆ ಮಾಡಿದಳು. “ನಮ್ಮ ತಮ್ಮ ಮಾಡಿದ ಎಡವಟ್ಟು ಸಾ. ನಾಳೆ ನಾಡಿದ್ದರಲ್ಲಿ ಸರಿಹೋಯ್ತದೆ. ಅಲ್ಲಿಗಂಟ ನಿಮ್ಮ ಜೀಮೇಲಿಂದ ಕಳಿಸಿ. ಮಗು ಜ್ವರ ಹೆಂಗದೆ?” ಎಲ್ಲರೂ ಸುಮ್ಮನಾದರು. ಒಬ್ಬರಂತೂ ಮದುವೆ ಎಂದು ಅಂತ ವಿಚಾರಿಸಿದರು.

ರಾತ್ರಿ ಅವಳು ನನ್ನ ಲೆಕ್ಕದ ಪುಸ್ತಕ ತೆರೆದು ಕೂತಳು. ದೊಡ್ಡ ಕಂಪನಿಗಳು ಮೊದಲ ವರ್ಷಕ್ಕೆ ಇದಕ್ಕಿಂತ ಅಗ್ಗಕ್ಕೆ ಕೊಡುವಾಗ ಈ ಹನ್ನೆರಡು ಜನ ನಮ್ಮ ಹತ್ತಿರ ಯಾಕಿದ್ದಾರೆ ಅಂತ ಕೇಳಿದಳು. ನಾನು ಎಸ್‌ಎಸ್‌ಡಿ ವೇಗ ಅಂದೆ, ದಿನದ ಬ್ಯಾಕಪ್ ಅಂದೆ. “ಅಲ್ಲ. ಆ ಕಂಪನಿಗಳ ಹತ್ತಿರ ಇಂಗ್ಲಿಷಲ್ಲಿ ಟೈಪ್ ಮಾಡಬೇಕು. ಇಲ್ಲಿ ಕನ್ನಡದಲ್ಲಿ ಬೈಯಬಹುದು,” ಅಂದಳು. ಹಾಗಿದ್ದರೆ ನಾವು ಮಾರುತ್ತಿರುವುದು ಅದನ್ನೇ, ಅದಕ್ಕೇ ರೇಟು ಹಾಕಬೇಕು ಅನ್ನುವುದು ಅವಳ ವಾದ. ತಿಂಗಳ 150 ಹೋಗಿ ವರ್ಷಕ್ಕೆ 4,000 ಆಯಿತು, ಮುಂಗಡ. ನೆಂಟರಿಗೂ ಅದೇ, ತಮ್ಮನಿಗೆ ಇನ್ನೊಂದು ಸಾವಿರ ಜಾಸ್ತಿ. ಎಲ್ಲರೂ ಓಡಿಹೋಗುತ್ತಾರೆ ಅಂತ ನಾನು ಕೂಗಾಡಿದೆ. ಮೂವರು ಹೋದರು. ನೆಂಟರಲ್ಲಿ ಐವರು ಮುನಿಸಿಕೊಂಡು ಕಟ್ಟಿದರು, ಇಬ್ಬರು ಮುನಿಸಿಕೊಂಡು ಕಟ್ಟಲಿಲ್ಲ. ಪುಸ್ತಕದಲ್ಲಿ ಮೊದಲ ಸಲ ಲಾಭದ ಕಡೆ ಒಂದು ಅಂಕಿ ಬಂತು, ಅದರ ಎದುರಿಗೇ ಅವಳ ಸಂಬಳ ಅಂತ ಇನ್ನೊಂದು ಅಂಕಿ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದದ್ದರಲ್ಲಿ ನನ್ನ ಫೋನ್ ರೀಚಾರ್ಜ್ ಆಗುತ್ತದೆ.

ಈಗ ನನ್ನ ಪಾಲಿಗೆ ಬ್ಯಾಕಪ್ ತೆಗೆಯುವ ಕೆಲಸವಿದೆ, ಓಟಿಪಿಗೆ ತೊಟ್ಟಿ ಹತ್ತುವ ಕೆಲಸವಿದೆ. ಮೊನ್ನೆ ಅವಳು ಹೊಲಕ್ಕೆ ಹೋಗಿದ್ದಾಗ ಹೋಂಸ್ಟೇ ಮಾಲೀಕರ ಫೋನ್ ಬಂತು.

“ಅಕ್ಕ ಇಲ್ವಾ ಸಾ?”

“ಇಲ್ಲ, ನಾನು ಮಾಲೀಕ ಮಾತಾಡ್ತಿರೋದು. ಹೇಳಿ.”

“ಪರವಾಗಿಲ್ಲ ಬುಡಿ ಸಾ. ಸೈಟು ಬೆಳಿಗ್ಗೆಯಿಂದ ಬಿದ್ದೋಗದೆ, ಅಷ್ಟೇಯ. ಅಕ್ಕ ಬಂದ್ಮೇಲೆ ಮಾಡ್ತೀನಿ.”