ಹೆಜ್ಜಾರ್ಲೆಗೆ ತಕ್ಕ ಲೆನ್ಸು

ಕ್ಯಾಮೆರಾ ಕೊಳ್ಳಲು ಹೊರಟವರಲ್ಲಿ ಬಹುಪಾಲು ಮಂದಿ ಯಾವ ಕ್ಯಾಮೆರಾ ಒಳ್ಳೆಯದೆಂದು ಊರೆಲ್ಲ ವಿಚಾರಿಸುತ್ತಾರೆಯೇ ಹೊರತು, ತೆಗೆಯಬೇಕಾದದ್ದು ಏನು, ಅದು ಎಷ್ಟು ದೂರದಲ್ಲಿರುತ್ತದೆ, ಅಲ್ಲಿ ಬೆಳಕು ಎಷ್ಟಿರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ತಮ್ಮನ್ನು ತಾವು ಕೇಳಿಕೊಳ್ಳುವುದಿಲ್ಲ. ಅಂಗಡಿಗಳು ನಡೆಯುತ್ತಿರುವುದೂ ಈ ಮರೆವಿನಿಂದಲೇ. ಈ ಸಂವಾದದ ಮೂವರು ಪಾತ್ರಧಾರಿಗಳ ಪೈಕಿ ಶಂಕರಪ್ಪನವರು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಅವರ ಪತ್ನಿ ಸರೋಜಮ್ಮನವರು ಅದೇ ಶಾಲೆಯಲ್ಲಿ ಗಣಿತ ಕಲಿಸಿದವರು. ಸ್ಟುಡಿಯೋ ನಡೆಸುವ ಪುಟ್ಟಸ್ವಾಮಿ ಇಬ್ಬರಿಗೂ ಶಿಷ್ಯನಾಗಿದ್ದು, ಮೊದಲನೆಯವರ ವಿಷಯದಲ್ಲಿ ಹೇಗೋ ಪಾಸಾಗಿ, ಎರಡನೆಯವರ ವಿಷಯದಲ್ಲಿ ಸತತವಾಗಿ ನಪಾಸಾದವನು.

ಶಂಕರಪ್ಪ: ಪುಟ್ಟಸ್ವಾಮಿ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರಗಳಲ್ಲಿಯೇ ಗೂಡು ಕಟ್ಟಿ, ಮನುಷ್ಯರ ಸಂಸಾರದ ನೆತ್ತಿಯ ಮೇಲೆ ತಮ್ಮ ಸಂಸಾರವನ್ನು ಹೂಡುವುದು ನಿನಗೆ ತಿಳಿದೇ ಇದೆ. ಆ ವಿಹಂಗಸಂಕುಲವನ್ನು ಚಿತ್ರಗಳಲ್ಲಿ ಚಿರಸ್ಥಾಯಿಗೊಳಿಸುವ ಸಂಕಲ್ಪವೊಂದು ಈ ನಿವೃತ್ತ ಹೃದಯದಲ್ಲಿ ಅಂಕುರಿಸಿದೆ. ತದನುರೂಪವಾದ ಯಂತ್ರವನ್ನು ತೋರಿಸುವಂಥವನಾಗು.

ಪುಟ್ಟಸ್ವಾಮಿ: ಸಂಕಲ್ಪ ಇಷ್ಟು ದೊಡ್ಡದಿರುವಾಗ ಸಣ್ಣ ಯಂತ್ರ ತೋರಿಸಿದರೆ ಗುರುದ್ರೋಹವಾಗುತ್ತದೆ, ಮೇಷ್ಟ್ರೇ. 45 ಮೆಗಾಪಿಕ್ಸೆಲ್ಲಿನ ಫುಲ್‌ಫ್ರೇಮ್ ಬಾಡಿ, ಅದರ ಮುಂದಕ್ಕೆ 600 ಮಿಲಿಮೀಟರ್ ಎಫ್/4 ಲೆನ್ಸು, ಇವೆರಡನ್ನೂ ಬೆಂಗಳೂರಿನಿಂದ ತರಿಸಿಕೊಡಬಹುದು. ಲೆನ್ಸೊಂದೇ ಹತ್ತು ಲಕ್ಷ ದಾಟುತ್ತದೆ ಎಂಬುದು ನಿಜ. ಆದರೆ ಗುರುಗಳೆಂಬ ಕಾರಣಕ್ಕೆ ಬ್ಯಾಗು ಫ್ರೀ.

ಸರೋಜಮ್ಮ: ಬ್ಯಾಗಿನ ಔದಾರ್ಯ ಹಾಗಿರಲಿ ಪುಟ್ಟಸ್ವಾಮಿ, ಆ 600 ಏನು, ಆ ನಾಲ್ಕು ಏನು ಎಂಬುದನ್ನು ಮೊದಲು ಹೇಳು. ಅರ್ಥವಾಗದ ಸಂಖ್ಯೆಗೆ ದುಡ್ಡು ಕೊಡುವ ಪದ್ಧತಿ ಮನೆಯಲ್ಲಿಲ್ಲ.

ಪುಟ್ಟಸ್ವಾಮಿ: 600 ಎಂಬುದು ಲೆನ್ಸಿನ ಫೋಕಲ್ ಲೆಂಗ್ತ್, ಅಂದರೆ ನಾಭಿದೂರ, ಮಿಸ್. ಬಹುದೂರದಿಂದ ಬಂದ ಕಿರಣಗಳನ್ನು ಲೆನ್ಸು ಎಷ್ಟು ಅಂತರದಲ್ಲಿ ಒಂದು ಬಿಂದುವಿಗೆ ಕೂಡಿಸುತ್ತದೆಯೋ ಅದೇ ನಾಭಿದೂರ. ಅದು ಹೆಚ್ಚಿದಷ್ಟೂ ಚಿತ್ರದಲ್ಲಿ ಹಕ್ಕಿ ದೊಡ್ಡದಾಗಿ, ಸುತ್ತಲಿನ ನೋಟ ಕಿರಿದಾಗುತ್ತದೆ. ಬೆಳಕು ಒಳಬರುವ ಕಿಂಡಿಗೆ ಅಪರ್ಚರ್ ಎನ್ನುತ್ತಾರೆ. ನಾಭಿದೂರವನ್ನು ಆ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ.

ಸರೋಜಮ್ಮ: ಹಾಗಾದರೆ 600ನ್ನು ನಾಲ್ಕರಿಂದ ಭಾಗಿಸಿದಾಗ ಕಿಂಡಿಯ ವ್ಯಾಸ 150 ಮಿಲಿಮೀಟರ್ ಆಗಬೇಕು. ಮುಂದಿನ ಗಾಜು ಅದಕ್ಕಿಂತ ಚಿಕ್ಕದಿರಲು ಸಾಧ್ಯವಿಲ್ಲವಾದ್ದರಿಂದ ಅದು ಚಪಾತಿಯಷ್ಟು ಅಗಲವಿರಬೇಕು. ತೂಕ ಎಷ್ಟು?

ಪುಟ್ಟಸ್ವಾಮಿ: ಹೊಸ ಮಾದರಿಗಳು ಬಹಳ ಹಗುರವಾಗಿವೆ ಮಿಸ್, ಮೂರು ಕಿಲೋ ಆಸುಪಾಸು ಅಷ್ಟೆ.

ಸರೋಜಮ್ಮ: ರೀ, ಸೊಪ್ಪಿನ ಚೀಲವನ್ನು ಸಂತೆಯಿಂದ ಮನೆಗೆ ತರುವಷ್ಟರಲ್ಲಿ ಮೂರು ಕಡೆ ಇಳಿಸಿ ಭುಜ ತಿರುವಿಕೊಂಡದ್ದು ಕಳೆದ ಸೋಮವಾರವಲ್ಲವೇ?

ಶಂಕರಪ್ಪ: ಸೊಪ್ಪಿನಲ್ಲಿ ಸೌಂದರ್ಯವಿಲ್ಲ ಸರೋಜಾ, ಆದ್ದರಿಂದ ಅದು ಭಾರವಾಗುತ್ತದೆ. ಕಲೆಯ ಭಾರ ಭಾರವಲ್ಲ.

ಈ ಸೂಕ್ತಿಯನ್ನು ಒರೆಗೆ ಹಚ್ಚುವ ಗೋಜಿಗೆ ಹೋಗದೆ ಸರೋಜಮ್ಮನವರು ಮೇಜಿನ ಮೇಲಿದ್ದ ಬಿಲ್‌ಪುಸ್ತಕವನ್ನು ತಿರುಗಿಸಿ, ಅದರ ಬೆನ್ನಿನ ಮೇಲೆ ಎರಡು ಸಮರೂಪ ತ್ರಿಕೋನಗಳನ್ನು ಬರೆದರು. ಹಕ್ಕಿಯ ಉದ್ದವನ್ನು ನಾಭಿದೂರದಿಂದ ಗುಣಿಸಿ, ಹಕ್ಕಿಗಿರುವ ದೂರದಿಂದ ಭಾಗಿಸಿದರೆ, ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಫಲಕವಾದ ಸೆನ್ಸರಿನ ಮೇಲೆ ಬೀಳುವ ಬಿಂಬದ ಉದ್ದ ಸಿಗುತ್ತದೆ. ಹತ್ತನೆಯ ತರಗತಿಯ ಆ ಲೆಕ್ಕವನ್ನು ಕಂಡೊಡನೆ ಪುಟ್ಟಸ್ವಾಮಿಯು ಹಳೆಯ ಅಭ್ಯಾಸದಂತೆ ಕಿಟಕಿಯ ಕಡೆಗೆ ನೋಡತೊಡಗಿದನು.

ಸರೋಜಮ್ಮ: ಇಲ್ಲಿ ನೋಡು, ಕಿಟಕಿಯ ಕಡೆಗಲ್ಲ. ಹೆಜ್ಜಾರ್ಲೆ ಕೊಕ್ಕಿನಿಂದ ಬಾಲದವರೆಗೆ ಸುಮಾರು 1.3 ಮೀಟರ್. ಕೊಕ್ಕರೆಬೆಳ್ಳೂರಿನ ಬೀದಿಯಲ್ಲಿ ನಿಂತರೆ ಮರದ ತುದಿ 20 ಮೀಟರ್ ದೂರವೆಂದು ಇಟ್ಟುಕೊಳ್ಳೋಣ. ನಿನ್ನ 600ರ ಲೆನ್ಸಿನಲ್ಲಿ ಬಿಂಬ 39 ಮಿಲಿಮೀಟರ್ ಆಗುತ್ತದೆ. ನಿನ್ನ ಫುಲ್‌ಫ್ರೇಮ್ ಸೆನ್ಸರಿನ ಅಗಲ ಎಷ್ಟು?

ಪುಟ್ಟಸ್ವಾಮಿ: 36 ಮಿಲಿಮೀಟರ್, ಮಿಸ್. ಎತ್ತರ 24.

ಸರೋಜಮ್ಮ: ಅಂದರೆ ಹತ್ತು ಲಕ್ಷ ಕೊಟ್ಟ ಮೇಲೂ ಹಕ್ಕಿ ಪೂರ್ತಿ ಬರುವುದಿಲ್ಲ.

ಶಂಕರಪ್ಪ: ಅಯ್ಯೋ, ಪುಚ್ಛವಿಹೀನ ಪಕ್ಷಿ! ಹಿಂದೆ ಸರಿದು ನಿಂತರಾಗದೇ?

ಸರೋಜಮ್ಮ: ಸರಿಯುತ್ತಾ ಹೋದರೆ ಬೆನ್ನಿಗೆ ಯಾರದೋ ಮನೆಯ ಜಗಲಿ ಸಿಗುತ್ತದೆ. ಅದೇ ಹಕ್ಕಿಗೆ 300ರ ಲೆನ್ಸು ಹಾಕಿದರೆ ಬಿಂಬ 19.5 ಮಿಲಿಮೀಟರ್. ಇದಕ್ಕೆ ಹೊಂದುವ ಸಣ್ಣ ಸೆನ್ಸರೊಂದು ಇರಬೇಕಲ್ಲವೇ?

ಪುಟ್ಟಸ್ವಾಮಿ: ಇದೆ, ಮಿಸ್. ಎಪಿಎಸ್‌-ಸಿ ಎನ್ನುತ್ತಾರೆ, ಅಗಲ ಸುಮಾರು 23.5, ಎತ್ತರ 15.6. ಫುಲ್‌ಫ್ರೇಮಿಗಿಂತ ಒಂದೂವರೆ ಪಟ್ಟು ಕಿರಿದಾದ್ದರಿಂದ 300ರ ಲೆನ್ಸು ಇದರಲ್ಲಿ 450ರಷ್ಟು ಹತ್ತಿರದ ನೋಟವನ್ನು ಕೊಡುತ್ತದೆ. ಆದರೆ ಇಂಥ ಬಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು 24 ಮೆಗಾಪಿಕ್ಸೆಲ್. 45 ಎಲ್ಲಿ, 24 ಎಲ್ಲಿ! ಮೇಷ್ಟ್ರ ಘನತೆಗೆ ಅರ್ಧಕ್ಕರ್ಧ ಪೆಟ್ಟು ಬೀಳುತ್ತದೆ.

ಸರೋಜಮ್ಮ: ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿರುವ ಚುಕ್ಕೆಗಳ ಒಟ್ಟು ಸಂಖ್ಯೆ, ಒಂದಕ್ಕೆ ಹತ್ತು ಲಕ್ಷ ಚುಕ್ಕೆಯ ಲೆಕ್ಕದಲ್ಲಿ. ಅದು ವಿಸ್ತೀರ್ಣ, ಉದ್ದವಲ್ಲ. 24 ಎಂದರೆ ಅಗಲಕ್ಕೆ 6000, ಎತ್ತರಕ್ಕೆ 4000. 45 ಮಾಡಿದರೆ ಅಗಲ ಶೇಕಡ 37ರಷ್ಟು ಹೆಚ್ಚುತ್ತದೆಯೇ ಹೊರತು ಇಮ್ಮಡಿಯಾಗುವುದಿಲ್ಲ. ಅಂಗುಲಕ್ಕೆ 300 ಚುಕ್ಕೆಯಂತೆ ಅಚ್ಚು ಹಾಕಿಸಿದರೂ 6000 ಚುಕ್ಕೆಗೆ 20 ಅಂಗುಲ ಅಗಲದ ಪಟ ಬರುತ್ತದೆ. ಹಜಾರದ ಗೋಡೆಯಲ್ಲಿ ಕ್ಯಾಲೆಂಡರಿಗೂ ಗಡಿಯಾರಕ್ಕೂ ನಡುವೆ ಉಳಿದಿರುವುದು 14 ಅಂಗುಲ.

ಶಂಕರಪ್ಪ: ಹಜಾರದ ಗೋಡೆಯೊಂದೇ ಕಲೆಯ ಗಮ್ಯವಲ್ಲ. ನಿವೃತ್ತ ಶಿಕ್ಷಕರ ವಾಟ್ಸಾಪ್ ಬಳಗವೂ ಇದೆ.

ಪುಟ್ಟಸ್ವಾಮಿ: ಅಲ್ಲಿಗೆ ಕಳಿಸಿದರೆ ಚಿತ್ರ ತಾನಾಗಿಯೇ ಕುಗ್ಗಿಬಿಡುತ್ತದೆ, ಮೇಷ್ಟ್ರೇ. 24 ಕೂಡ ದುಂದುವೆಚ್ಚವೇ.

ಹೀಗೆ ಮಾರಾಟಗಾರನ ಬಾಯಿಂದ ಸತ್ಯವೊಂದು ಅಕಸ್ಮಾತ್ತಾಗಿ ಜಾರಿದ ಮೇಲೆ ಸಂವಾದವು ಪ್ರಯೋಗದ ಹಂತಕ್ಕೆ ಬಂತು. ಪುಟ್ಟಸ್ವಾಮಿಯು ಬೀರುವಿನಿಂದ ಹಳೆಯ ಡಿಎಸ್‌ಎಲ್‌ಆರ್ ಒಂದನ್ನು, ಅಂದರೆ ಲೆನ್ಸಿನ ಹಿಂದೆ ಕನ್ನಡಿಯಿದ್ದು ಕಣ್ಣಿಗೆ ನೇರ ದೃಶ್ಯವನ್ನು ಕಾಣಿಸುವ ಕ್ಯಾಮೆರಾವನ್ನು ಹೊರತೆಗೆದು, 70ರಿಂದ 300ರವರೆಗೆ ಬದಲಾಗುವ ಜೂಮ್ ಲೆನ್ಸನ್ನು ಕೂಡಿಸಿಕೊಟ್ಟನು. ಶಂಕರಪ್ಪನವರು ಎರಡೂ ಮೊಣಕೈಗಳನ್ನು ಗರುಡನ ರೆಕ್ಕೆಗಳಂತೆ ಹರಡಿ, ಉಸಿರು ಬಿಗಿಹಿಡಿದು, ಎದುರಿನ ಇಸ್ತ್ರಿ ಅಂಗಡಿಯಲ್ಲಿ ತೂಗುಹಾಕಿದ್ದ ಬಿಳಿ ಪಂಚೆಯ ಚಿತ್ರವನ್ನು ತೆಗೆದರು.

ಸರೋಜಮ್ಮ: ಒಂದು ಪಂಚೆ ಮೂರಾಗಿದೆ, ಮೂರೂ ಮಾಸಿವೆ.

ಪುಟ್ಟಸ್ವಾಮಿ: ಪಂಚೆ ಮೂರಾದದ್ದು ಕೈ ನಡುಗಿದ್ದರಿಂದ. ಬೆಳಕಿಗೆ ಬಾಗಿಲು ತೆರೆದಿರುವ ಕಾಲಕ್ಕೆ ಷಟರ್ ವೇಗ ಎನ್ನುತ್ತಾರೆ. ಮೇಷ್ಟ್ರು ತೆಗೆದದ್ದು ಸೆಕೆಂಡಿನ 60ನೆಯ ಒಂದು ಭಾಗದಲ್ಲಿ. ಕೈಯಲ್ಲಿ ಹಿಡಿದು ತೆಗೆಯುವಾಗ ಛೇದದಲ್ಲಿ ಕನಿಷ್ಠ ನಾಭಿದೂರದಷ್ಟು ಸಂಖ್ಯೆ ಇರಬೇಕೆಂಬುದು ಹಳಬರ ನಿಯಮ. ಈ ಸೆನ್ಸರಿಗೆ 450 ಎಂದು ಹಿಡಿದು, ಸೆಕೆಂಡಿನ 500ನೆಯ ಒಂದು ಭಾಗ ಇಟ್ಟರೆ ಕ್ಷೇಮ. ಹಾರುವ ಹಕ್ಕಿಗೆ 1000, 2000. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಬೇಕು. ರೆಕ್ಕೆ ಹರಡುವ ಕೆಲಸ ಹಕ್ಕಿಯದು.

ಶಂಕರಪ್ಪ: ಈ ಲೆನ್ಸಿನ ಮೇಲೆ ನಡುಕ ತಡೆಯುವ ವ್ಯವಸ್ಥೆಯ ಗುಂಡಿಯೊಂದಿದೆಯಲ್ಲ?

ಪುಟ್ಟಸ್ವಾಮಿ: ಇದೆ, ಮೇಷ್ಟ್ರೇ. ಆದರೆ ಅದು ತಡೆಯುವುದು ತೆಗೆಯುವವರ ನಡುಕವನ್ನು ಮಾತ್ರ. ಹಕ್ಕಿಯ ಚಲನೆ ಅದರ ಅಧಿಕಾರವ್ಯಾಪ್ತಿಗೆ ಬರುವುದಿಲ್ಲ.

ಸರೋಜಮ್ಮ: ಬಾಗಿಲು ತೆರೆದಿರುವ ಕಾಲ ಎಂಟರಲ್ಲೊಂದಾದರೆ ಬೆಳಕೂ ಎಂಟರಲ್ಲೊಂದಾಗಬೇಕು. ಅದನ್ನು ಎಲ್ಲಿಂದ ತುಂಬಿಸುತ್ತೀಯ?

ಪುಟ್ಟಸ್ವಾಮಿ: ಐಎಸ್‌ಓ ಏರಿಸಬೇಕು, ಮಿಸ್. ಸೆನ್ಸರು ಕೊಟ್ಟ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಅಳತೆ ಅದು. 100 ಇದ್ದದ್ದನ್ನು 800 ಮಾಡಿದರೆ ಲೆಕ್ಕ ಸರಿಹೋಗುತ್ತದೆ. ತೀರಾ ಏರಿಸಿದರೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಕಾಣುತ್ತದೆ. ಬೆಳಗಿನ ಓರೆ ಬಿಸಿಲು ಬೆನ್ನ ಹಿಂದೆ ಇರುವಂತೆ ನಿಂತರೆ ಅಷ್ಟು ಏರಿಸುವ ಪ್ರಮೇಯವೇ ಬರುವುದಿಲ್ಲ.

ಸರೋಜಮ್ಮ: ಪಂಚೆ ಮಾಸಿದ್ದೇಕೆ? ಇಸ್ತ್ರಿಯವರು ಕೇಳಿಸಿಕೊಂಡರೆ ಜಗಳಕ್ಕೆ ಬರುತ್ತಾರೆ.

ಪುಟ್ಟಸ್ವಾಮಿ: ಅದು ಕ್ಯಾಮೆರಾದ ಬೆಳಕುಮಾಪಕದ ಮೌಢ್ಯ, ಮಿಸ್. ಎದುರಿಗೆ ಏನೇ ಇರಲಿ, ಅದು ನಡುಬೂದು ಬಣ್ಣದ್ದೆಂದೇ ಮಾಪಕ ನಂಬುತ್ತದೆ. ಚೌಕಟ್ಟಿನ ತುಂಬ ಬಿಳುಪಿದ್ದರೆ ಬೆಳಕು ಅತಿಯಾಯಿತೆಂದು ತಗ್ಗಿಸಿ, ಬಿಳಿಯನ್ನು ಬೂದು ಮಾಡುತ್ತದೆ. ಕೂಡುವ ಕಳೆಯುವ ಚಿಹ್ನೆಗಳಿರುವ ಈ ಗುಂಡಿಯನ್ನು ಒತ್ತಿ, ಒಂದು ಕೂಡಬೇಕು. ಆಕಾಶದ ಎದುರಿಗೆ ಕೂತ ಹೆಜ್ಜಾರ್ಲೆಗೂ ಕೂಡಬೇಕು, ಇಲ್ಲವಾದರೆ ಅದು ಕಾಗೆಯಾಗುತ್ತದೆ. ಕಪ್ಪು ನೆರಳಿನ ಎಲೆಗಳ ನಡುವೆ ಬಿಳಿ ಹಕ್ಕಿ ಚಿಕ್ಕದಾಗಿ ಕಂಡರೆ ಮಾತ್ರ ಕಳೆಯಬೇಕು. ಆಗ ಮಾಪಕ ಎಲೆಗಳನ್ನು ಬೆಳಗಿಸುವ ಉತ್ಸಾಹದಲ್ಲಿ ಹಕ್ಕಿಯ ಗರಿಗಳನ್ನೆಲ್ಲ ಅಳಿಸಿಬಿಡುತ್ತದೆ.

ಸರೋಜಮ್ಮ: ಕೂಡುವುದು, ಕಳೆಯುವುದು ಇಷ್ಟು ಚೆನ್ನಾಗಿ ಬರುವ ನೀನು ಶಾಲೆಯಲ್ಲಿ ಏಕೆ ಹಾಗಿದ್ದೆ?

ಪುಟ್ಟಸ್ವಾಮಿ: ಅಲ್ಲಿ ಹಕ್ಕಿ ಇರಲಿಲ್ಲ, ಮಿಸ್.

ಶಂಕರಪ್ಪ: ಮಲೆನಾಡಿನ ಹಕ್ಕಿಗಳ ಬೆನ್ನುಹತ್ತಿದ ತೇಜಸ್ವಿಯವರು ಫಿಲ್ಮಿನ ಕಾಲದಲ್ಲಿ ಇದನ್ನೆಲ್ಲ ಹೇಗೆ ಸಾಧಿಸಿದರು? ಆಗ ತೆಗೆದೊಡನೆ ನೋಡಿ ತಿದ್ದಿಕೊಳ್ಳಲು ಹಿಂದೆ ಪರದೆಯೂ ಇರಲಿಲ್ಲ.

ಪುಟ್ಟಸ್ವಾಮಿ: ಒಂದು ರೋಲಿಗೆ 36 ಚಿತ್ರ, ತೊಳೆಸಿ ತರುವವರೆಗೆ ಬಂದದ್ದೇನೆಂಬುದು ಗೊತ್ತಿಲ್ಲ, ಆದ್ದರಿಂದ ಒತ್ತುವ ಮೊದಲೇ ಯೋಚಿಸುತ್ತಿದ್ದರು. ಈಗಿನ ಕ್ಯಾಮೆರಾಗಳು ಸೆಕೆಂಡಿಗೆ 20 ಚಿತ್ರ ತೆಗೆಯುತ್ತವೆ. ಯೋಚಿಸುವ ಕೆಲಸವನ್ನು ರಾತ್ರಿ ಅಳಿಸುವಾಗ ಮಾಡಿಕೊಳ್ಳಬಹುದು.

ಸರೋಜಮ್ಮ: ಹಕ್ಕಿ ಕೂತಲ್ಲಿಯೇ ಕೂತಿದ್ದರೆ ಬೇಸರವಾಗಿ ಹಾರಿಸಲು ಕಲ್ಲೆಸೆಯುವವರೂ ಇದ್ದಾರಂತೆ. ತಾಯಿಹಕ್ಕಿ ಎದ್ದುಹೋದರೆ ಮರಿ ಬಿಸಿಲಿಗೆ ಬೇಯುತ್ತದೆ. ಹಾಗೆ ಮಾಡುವವರಿಗೆ ಎಷ್ಟು ಮಿಲಿಮೀಟರ್ ಲೆನ್ಸು ಕೊಟ್ಟರೂ ವ್ಯರ್ಥ.

ಅನಂತರ ಸೆಕೆಂಡ್‌ಹ್ಯಾಂಡ್ ಸರಕಿನ ಪರೀಕ್ಷೆ ನಡೆಯಿತು. ಹೊಸ ಮಾದರಿಗಳು ಬಹುತೇಕ ಮಿರರ್‌ಲೆಸ್, ಅಂದರೆ ಕನ್ನಡಿಯನ್ನು ಕೈಬಿಟ್ಟು ಸೆನ್ಸರು ಕಂಡದ್ದನ್ನೇ ಪುಟ್ಟ ಪರದೆಯಲ್ಲಿ ತೋರಿಸುವ ಬಗೆಯವು, ಆಗಿರುವುದರಿಂದ ಕನ್ನಡಿಯುಳ್ಳ ಹಳೆಯವು ಅಗ್ಗಕ್ಕೆ ಸಿಗುತ್ತವೆ. ಬಾಡಿಯು ಈವರೆಗೆ ಎಷ್ಟು ಸಲ ಬಾಗಿಲು ತೆರೆದು ಮುಚ್ಚಿದೆ ಎಂಬ ಷಟರ್ ಎಣಿಕೆಯನ್ನು ಪುಟ್ಟಸ್ವಾಮಿಯು ಕಂಪ್ಯೂಟರಿನಲ್ಲಿ ತೋರಿಸಿದನು. ಸರೋಜಮ್ಮನವರು ಲೆನ್ಸಿನ ಎರಡೂ ಮುಚ್ಚಳ ತೆಗೆದು, ಅಪರ್ಚರನ್ನು ಪೂರ್ತಿ ತೆರೆಸಿ, ಹಿಂಬದಿಯಿಂದ ಮೊಬೈಲಿನ ಟಾರ್ಚು ಬಿಟ್ಟು ಓರೆಯಾಗಿ ನೋಡಿದಾಗ, ಒಳಗಿನ ಗಾಜಿನ ಅಂಚಿನಲ್ಲಿ ಜೇಡನ ಎಳೆಗಳಂಥ ನವಿರು ಕವಲುಗಳು ಬೆಳ್ಳಗೆ ಹೊಳೆದವು.

ಸರೋಜಮ್ಮ: ಇದೇನು?

ಪುಟ್ಟಸ್ವಾಮಿ: ಅದು... ಫಂಗಸ್, ಮಿಸ್. ಮಳೆಗಾಲದ ತೇವಕ್ಕೆ ಹಿಡಿಯುವ ಬೂಷ್ಟು. ಚಿತ್ರದಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಶಂಕರಪ್ಪ: ಮಾಸಿದ ಪಂಚೆಯ ಕಳಂಕವನ್ನು ಈ ಬಡಪಾಯಿಯ ಕೈಗೆ ಅಂಟಿಸಿದೆಯಲ್ಲೋ ಪುಟ್ಟಸ್ವಾಮಿ!

ಪುಟ್ಟಸ್ವಾಮಿ: ಪಂಚೆಗೂ ಬೂಷ್ಟಿಗೂ ಸಂಬಂಧವಿಲ್ಲ, ಮೇಷ್ಟ್ರೇ. ಆದರೂ ಇದು ಬೇಡ. ಇನ್ನೊಂದಿದೆ, ಶುದ್ಧವಾಗಿದೆ, ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿ ಇಡಬೇಕು. ಟ್ರೈಪಾಡ್ ಕೊಡಲೇ?

ಸರೋಜಮ್ಮ: ಮೂರು ಕಾಲಿನ ಆ ಸ್ಟ್ಯಾಂಡನ್ನು ಹೊರಲು ನಾಲ್ಕನೆಯ ಮನುಷ್ಯ ಬೇಕಾಗುತ್ತಾನೆ. ಹಳೆಯ ಬಟ್ಟೆಯಲ್ಲಿ ಚೀಲ ಹೊಲಿದು, ಎರಡು ಕಿಲೋ ಹುರುಳಿ ತುಂಬಿ ಕಾಂಪೌಂಡಿನ ಮೇಲಿಟ್ಟರೆ, ಲೆನ್ಸು ಅದರಲ್ಲಿ ಹುದುಗಿ ಅಲುಗದೆ ಕೂರುತ್ತದೆ.

ಶಂಕರಪ್ಪ: ಚಿತ್ರ ತೆಗೆದಾದ ಮೇಲೆ ಆ ಹುರುಳಿ?

ಸರೋಜಮ್ಮ: ರಾತ್ರಿಗೆ ಬಸ್ಸಾರು.

ಬಾಡಿ, ಲೆನ್ಸು, ಒಂದು ಹೆಚ್ಚುವರಿ ಬ್ಯಾಟರಿ ಮತ್ತು ಒಂದು ಮೆಮೊರಿ ಕಾರ್ಡನ್ನು ಬಿಲ್ಲಿಗೆ ಏರಿಸುವಾಗ, ಹತ್ತು ಲಕ್ಷದ ಕನಸಿನಿಂದ ಇಷ್ಟಕ್ಕೆ ಇಳಿದ ಪುಟ್ಟಸ್ವಾಮಿಯ ಮುಖದಲ್ಲಿ ಮೂಡಿದ ವೈರಾಗ್ಯವನ್ನು ಗಮನಿಸಿದ ಸರೋಜಮ್ಮನವರು, ಸಮಾಧಾನಕ್ಕೋ ಶಿಕ್ಷೆಗೋ ತಿಳಿಯದಂತೆ, ಬಿಲ್‌ಪುಸ್ತಕವನ್ನು ಅವನ ಮುಂದೆ ತಳ್ಳಿದರು.

ಸರೋಜಮ್ಮ: ಒಂದು ಲೆಕ್ಕ ಮಾಡು. ಮುಂದಿನ ತಿಂಗಳು ರಂಗನತಿಟ್ಟಿಗೆ ಹೋಗುವುದಿದೆ. ಅಲ್ಲಿನ ರೀವ ಹಕ್ಕಿಯ ಉದ್ದ 40 ಸೆಂಟಿಮೀಟರ್. ದಡದಿಂದ ಬಂಡೆಗೆ 30 ಮೀಟರ್. ಸೆನ್ಸರಿನ ಮೇಲೆ ಬಿಂಬ 10 ಮಿಲಿಮೀಟರ್ ಬರಬೇಕಾದರೆ ಎಷ್ಟರ ಲೆನ್ಸು ಬೇಕು?

ಪುಟ್ಟಸ್ವಾಮಿ: ಹತ್ತನ್ನು ಮೂವತ್ತು ಸಾವಿರದಿಂದ ಗುಣಿಸಿ, ನಾನೂರರಿಂದ ಭಾಗಿಸಿದರೆ... 750, ಮಿಸ್! 750 ಮಿಲಿಮೀಟರ್!

ಸರೋಜಮ್ಮ: ಸರಿ. ನೂರಕ್ಕೆ ನೂರು.

ಪುಟ್ಟಸ್ವಾಮಿ: ಅಂದ ಮೇಲೆ ಈ 300 ಸಾಲದು! ಆ 600ರ ಲೆನ್ಸಿಗೆ ಇವತ್ತೇ ಅಡ್ವಾನ್ಸ್ ಬರೆದುಕೊಳ್ಳಲೇ? ಈ ಸೆನ್ಸರಿನಲ್ಲಿ ಅದು 900ರಂತೆ...

ಸರೋಜಮ್ಮ: ಅದು ನೋಟದ ಮಾತು, ಬಿಂಬದ ಉದ್ದಕ್ಕೆ 600 ಯಾವ ಸೆನ್ಸರಿನಲ್ಲಿಯೂ 600ರೇ. ಮೇಲಾಗಿ ಅಲ್ಲಿ ದೋಣಿ ಇದೆ. ದೋಣಿ ಬಂಡೆಗೆ 12 ಮೀಟರ್ ಹತ್ತಿರ ಹೋದರೆ ಎಷ್ಟರ ಲೆನ್ಸು ಬೇಕು?

ಪುಟ್ಟಸ್ವಾಮಿಯು ಪೆನ್ಸಿಲನ್ನು ನಾಲ್ಕು ಸಲ ಆಡಿಸಿ, ಬಂದ ಉತ್ತರವನ್ನು ನೋಡಿ, ಅದನ್ನು ಜೋರಾಗಿ ಹೇಳಲು ಮನಸ್ಸಾಗದೆ ಸುಮ್ಮನೆ ಬಿಲ್ಲಿನ ಮೇಲೆ 300 ಎಂದು ಬರೆದನು.

ಶಂಕರಪ್ಪ: ಗಣಿತದಲ್ಲಿ ಗೆದ್ದ ದಿನವೇ ವ್ಯಾಪಾರದಲ್ಲಿ ಸೋತೆಯಲ್ಲಯ್ಯ!

ಪುಟ್ಟಸ್ವಾಮಿ: ಅದಕ್ಕೇ ಮೇಷ್ಟ್ರೇ, ಶಾಲೆಯಲ್ಲಿ ಮುಂದಾಲೋಚನೆಯಿಂದ ನಪಾಸಾಗಿದ್ದದ್ದು.