ಮನೆಯಿಲ್ಲದ ಲೇಔಟ್

ಮಹಡಿ ಮನೆ ಬಾಡಿಗೆಗೆ ಕೇಳಲು ಬಂದ ಹುಡುಗ "ಹಗಲು ಸಾಫ್ಟ್‌ವೇರು, ರಾತ್ರಿ ಹೌಸ್ ಪ್ರೊಡ್ಯೂಸರ್" ಎಂದಾಗ ನನ್ನ ಹೆಂಡತಿಯ ಕಿವಿ ನೆಟ್ಟಗಾಯಿತು. "ಯಾವ ಕಡೆ? ಕನಕಪುರ ರೋಡಾ? ಎ ಖಾತಾನೋ ಬಿ ಖಾತಾನೋ?" ಹುಡುಗ ತಬ್ಬಿಬ್ಬಾದ. ಈ ಹೌಸ್ ಅಂದರೆ ಮನೆಯಲ್ಲ, ಕುಣಿಯೋ ಸಂಗೀತದಲ್ಲಿ ಅದೊಂದು ಜಾತಿ ಎಂದು ಅವನು ಬಿಡಿಸಿ ಹೇಳುವಷ್ಟರಲ್ಲಿ ಕಾಫಿ ಆರಿತ್ತು. ಅಡ್ವಾನ್ಸ್ ಕೈಗೆ ಬಂದಿದ್ದರಿಂದ ನಾವೂ ಹೆಚ್ಚು ಕೆದಕಲಿಲ್ಲ.

ಅವನಿಗೆ ನಾನಿಟ್ಟ ಹೆಸರು ಟೆಂಪ್ಲೇಟಪ್ಪ. ಬೆಂಗಳೂರಿನಲ್ಲಿ ಇಂಥವರು ಬೀದಿಗೊಬ್ಬರಾದರೂ ಇದ್ದಾರು. ಕುತ್ತಿಗೆಗೆ ಹೆಡ್‌ಫೋನು, ಗೋಡೆಗೆ ಮೊಟ್ಟೆ ಟ್ರೇಯಂಥ ಫೋಮು, "ಏನಪ್ಪಾ, ಹಾಡು ಎಲ್ಲಿಗೆ ಬಂತು?" ಅಂದರೆ "ಸೆಟಪ್ ನಡೀತಿದೆ ಸಾರ್" ಎಂಬ ಉತ್ತರ. ಎರಡು ವರ್ಷದಿಂದ ನಡೀತಿದೆ.

ಕೆಳಮನೆಯವನಾದ ನನಗೆ ಅವನ ಸಂಗೀತದಲ್ಲಿ ಸಿಕ್ಕುವುದು ತಳ ಮಾತ್ರ. ಮೇಲಿನ ಸದ್ದೆಲ್ಲ ಮೇಲೇ ಉಳಿದು, ಸ್ಲ್ಯಾಬ್ ದಾಟಿ ಇಳಿಯುವುದು ಕಿಕ್ ಎಂಬ ಡ್ರಮ್ಮಿನ ಗುದ್ದು ಒಂದೇ. ಡುಂ, ಡುಂ, ಡುಂ, ಡುಂ. ನಿಮಿಷಕ್ಕೆ 124. ನಮ್ಮ ಅಡುಗೆಮನೆ ಅಟ್ಟದ ಮೇಲೆ ಅಜ್ಜಿ ಕಾಲದ ಹಿತ್ತಾಳೆ ಕೊಳಗವಿದೆ. ಕಿಕ್ ಯಾವುದೋ ಒಂದು ಶ್ರುತಿಗೆ ಬಂದಾಗ ಅದರ ಮುಚ್ಚಳ ಕಿಣಿಕಿಣಿ ಅನ್ನುತ್ತದೆ. ಒಂದು ರಾತ್ರಿ ತಡೆಯಲಾರದೆ ಮೇಲೆ ಹೋಗಿ ಹೇಳಿದೆ. ಕ್ಷಮೆ ಕೇಳುತ್ತಾನೆ ಅಂದುಕೊಂಡರೆ ಅವನು ಪೆನ್ನು ತೆಗೆದ. "ಯಾವ ಕಿಕ್ಕಿಗೆ ಅಲ್ಲಾಡ್ತು ಸಾರ್? ಈಗಿಂದಕ್ಕಾ, ಹತ್ತು ನಿಮಿಷದ ಹಿಂದಿಂದಕ್ಕಾ?" ಅಂದಿನಿಂದ ನಮ್ಮ ಕೊಳಗ ಅವನ ಸ್ಟುಡಿಯೋ ಸಾಮಾನು.

ಆವತ್ತೇ ನನಗೆ ಟೆಂಪ್ಲೇಟಿನ, ಅಂದರೆ ಹಾಡಿಗೆಂದು ಮೊದಲೇ ಹಾಕಿಟ್ಟ ಅಚ್ಚಿನ, ದರ್ಶನವಾದದ್ದು. ಹಾಡು ಕಟ್ಟುವ ಸಾಫ್ಟ್‌ವೇರು ಏಬಲ್ಟನ್ ಲೈವ್ ತೆರೆದ. ಪರದೆ ತುಂಬ ಬಣ್ಣದ ಪಟ್ಟಿಗಳು: ಡ್ರಮ್ಸಿಗೆ ಕೆಂಪು, ಬೇಸಿಗೆ ನೀಲಿ, ದನಿಗೆ ಹಳದಿ, ಕೀಬೋರ್ಡಿಗೆ ಹಸಿರು. ಈ ಹಸಿರು ಗಿಳಿಹಸಿರಾಗಬೇಕೋ ಎಲೆಹಸಿರಾಗಬೇಕೋ ಎಂದು ತೀರ್ಮಾನಿಸಲು ಮೂರು ಭಾನುವಾರ ಹಿಡಿದಿತ್ತಂತೆ. ಸದ್ದನ್ನು ಗುಂಯ್‌ಗುಡಿಸುವ ರಿವರ್ಬಿಗೆ ಪ್ರತ್ಯೇಕ ಪಟ್ಟಿ. ಅದರೊಳಕ್ಕೆ ಹೋಗುವ ಸದ್ದಿನಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನದನ್ನು ಸೋಸಿ ಬಿಸಾಡಲು ಒಂದು ಜರಡಿ. ಕೊನೆಯಲ್ಲಿ 6 ಡೆಸಿಬಲ್ ಖಾಲಿ ಜಾಗ, ಮುಂದೊಂದು ದಿನ ಮಾಸ್ಟರಿಂಗ್ ಮಾಡುವವರಿಗೆ ಕೈಯಾಡಿಸಲು. ಹಾಡು ಇನ್ನೂ ಹುಟ್ಟಿಲ್ಲ, ಅದಕ್ಕೆ ಸ್ನಾನ ಮಾಡಿಸುವವರಿಗೆ ಮಣೆ ಹಾಕಿದೆ.

"ಇದು ಸೈಡ್‌ಚೈನ್ ಸಾರ್, ಹೌಸಿನ ಜೀವಾಳ," ಎಂದ. ಕಿಕ್ ಬಿದ್ದಾಗಲೆಲ್ಲ ಬೇಸ್ ಅರೆಗಳಿಗೆ ತಗ್ಗಿ ದಾರಿ ಬಿಡಬೇಕು. ಹಾಗೆ ತಗ್ಗಿ ಏಳುವುದರಿಂದಲೇ ಹಾಡು ಉಸಿರಾಡುತ್ತದಂತೆ. ನನಗೆ ತಕ್ಷಣ ಅರ್ಥವಾಯಿತು. ಮಂತ್ರಿ ಕಾರು ಬಂತೆಂದು ಸಿಗ್ನಲ್ಲಿನಲ್ಲಿ ನಮ್ಮನ್ನು ನಿಲ್ಲಿಸುವುದಿಲ್ಲವೇ, ಅದೇ. "ಹಾಗಾದ್ರೆ ಬೇಸ್ ಕೇಳಿಸು" ಅಂದೆ. "ಬೇಸ್ ಇನ್ನೂ ಬರೆದಿಲ್ಲ ಸಾರ್." ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಮಂತ್ರಿ ಕಾರು ನಿಮಿಷಕ್ಕೆ 124 ಸಲ ಓಡಾಡುತ್ತಿದೆ.

ಪರದೆಯ ನೆತ್ತಿಯ ಮೇಲೆ ಗಡಿಕಲ್ಲುಗಳು. ಇಲ್ಲಿಂದ ಇಲ್ಲಿಗೆ ಇಂಟ್ರೋ, ಇದು ಬ್ರೇಕ್, ಇದು ಡ್ರಾಪ್. ಇಂಟ್ರೋಗೇ 32 ಬಾರ್, ಅಂದರೆ ಸುಮಾರು 62 ಸೆಕೆಂಡು. ಡಿಜೆಗೆ ಹಿಂದಿನ ಹಾಡಿನ ಬಾಲಕ್ಕೆ ಇದನ್ನು ಗಂಟು ಹಾಕಲು ಅಷ್ಟು ಹೊತ್ತು ಬೇಕಂತೆ. ಎಲ್ಲಾ ನೋಡಿ ಇಳಿದು ಬಂದಾಗ ಮೇಲೆ ಏನಿದೆ ಎಂದು ಹೆಂಡತಿ ಕೇಳಿದಳು. "ಲೇಔಟ್ ಕಣೇ," ಅಂದೆ. ನಗರದ ಹೊರಗೆ ನೋಡಿಲ್ಲವೇ? ಕಮಾನು, ಬೀದಿದೀಪ, ಬಣ್ಣ ಬಳಿದ ಕಲ್ಲು, ನಡುವೆ ಗಣೇಶನ ಗುಡಿಗೆ ಬಿಟ್ಟ ಜಾಗ. ಮನೆ ಮಾತ್ರ ಒಂದೂ ಇಲ್ಲ, ನಾಲ್ಕು ಎಮ್ಮೆ ಮೇಯುತ್ತಿರುತ್ತವೆ.

ಚರಿತ್ರೆ ಮಾತ್ರ ಅವನಿಗೆ ಕರತಲಾಮಲಕ. ಶಿಕಾಗೋದಲ್ಲಿ ವೇರ್‌ಹೌಸ್ ಎಂಬ ಕ್ಲಬ್ಬು. 1977ರಲ್ಲಿ ನ್ಯೂಯಾರ್ಕಿನಿಂದ ಅಲ್ಲಿಗೆ ಬಂದ ಫ್ರ್ಯಾಂಕಿ ನಕಲ್ಸ್. ಬೇರೆಡೆ ಬಾಗಿಲು ಹಾಕಿಸಿಕೊಂಡ ಕಪ್ಪು ಮತ್ತು ಲ್ಯಾಟಿನೋ ಸಲಿಂಗಿ ಹುಡುಗರು ಅಲ್ಲಿ ಬೆಳತನಕ ಕುಣಿದದ್ದು. ಆ ಕ್ಲಬ್ಬಿನ ಹೆಸರಿನ ಬಾಲವೇ 'ಹೌಸ್' ಆಯಿತೆಂದು ಹೇಳುತ್ತಾರೆ. ರೋಲ್ಯಾಂಡ್ ಕಂಪನಿಯ 909 ಎಂಬ ಡ್ರಮ್ ಯಂತ್ರ 1983ರಲ್ಲಿ ಬಂದು, ಮಾರುಕಟ್ಟೆಯಲ್ಲಿ ಮಕಾಡೆ ಮಲಗಿ, ಸೆಕೆಂಡ್ ಹ್ಯಾಂಡಾಗಿ ಈ ಹುಡುಗರ ಕೈ ಸೇರಿತು. ಇಷ್ಟೆಲ್ಲ ಯಾಕೆ, ನಮ್ಮ ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಇಂಥದೇ ರೋಲ್ಯಾಂಡ್ ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ಮಾಡಿದರು. ಆಗ ಯಾರೂ ಕೇಳಲಿಲ್ಲ. ದಶಕಗಳಾದ ಮೇಲೆ ಯೂರೋಪಿನವರು ಹುಡುಕಿ ತೆಗೆದು ತಲೆ ಮೇಲೆ ಹೊತ್ತರು.

"ಅವರೆಲ್ಲ ಟೆಂಪ್ಲೇಟ್ ಮಾಡಿಟ್ಕೊಂಡಿದ್ರೇನಪ್ಪಾ?" ಎಂದು ಕೇಳಿದೆ.

ಟೆಂಪ್ಲೇಟಪ್ಪ ಒಂದು ಕ್ಷಣ ಯೋಚಿಸಿದ. "ಅವರಿಗೆ ಆ ಆಪ್ಷನ್ ಇರ್ಲಿಲ್ಲ ಸಾರ್. ಬೇರೆ ದಾರಿಯಿಲ್ಲದೆ ಹಾಡೇ ಮಾಡಬೇಕಾಯ್ತು."

ಟೆಂಪ್ಲೇಟೇ ದಂಡ ಎಂದು ನಾನು ಅನ್ನುವುದಿಲ್ಲ. ಹಾಡು ಮಾಡುವವರಿಗೆ ಅದು ಹಿಂದಿನ ರಾತ್ರಿ ರುಬ್ಬಿಟ್ಟ ಹಿಟ್ಟಿನ ಹಾಗೆ. ಬೆಳಿಗ್ಗೆ ಎದ್ದು ದೋಸೆ ಹುಯ್ಯಬೇಕು, ಅಷ್ಟೆ. ನಮ್ಮವನು ಹಿಟ್ಟನ್ನೇ ದಿನವೂ ಮತ್ತೆ ರುಬ್ಬುತ್ತಾನೆ. ನನಗೂ ಜಾಸ್ತಿ ಮಾತಾಡುವ ಯೋಗ್ಯತೆಯಿಲ್ಲ. ಆತ್ಮಕಥೆಗೆಂದು ತಂದ 200 ಪುಟದ ನೋಟ್‌ಬುಕ್ಕಿಗೆ ರಟ್ಟು ಹಾಕಿ, ಪುಟಸಂಖ್ಯೆ ಹಾಕಿ, 'ಬಾಲ್ಯ' ಎಂದು ತಲೆಬರಹ ಬರೆದು ಆರು ವರ್ಷವಾಯಿತು.

ಕಳೆದ ವಾರ ಕೊಳಗದ ಮುಚ್ಚಳ ಐದು ದಿನ ಸುಮ್ಮನಿತ್ತು. ಹೆಂಡತಿಗೇ ಕಸಿವಿಸಿ: "ಹುಡುಗನಿಗೆ ಜ್ವರವೋ ಏನೋ, ನೋಡ್ಬನ್ನಿ." ಹೋದೆ. ಪರದೆ ಬೂದುಬಣ್ಣದಲ್ಲಿ ಬೋಳಾಗಿತ್ತು, ಒಂದು ಪಟ್ಟಿಯೂ ಇಲ್ಲ.

"ಬೇರೆ ಸಾಫ್ಟ್‌ವೇರಿಗೆ ಬಂದ್ಬಿಟ್ಟೆ ಸಾರ್."

"ಮತ್ತೆ ಟೆಂಪ್ಲೇಟು?"

"ಅದು ಇದ್ರಲ್ಲಿ ಓಪನ್ ಆಗಲ್ಲ. ಎಲ್ಲಾ ಮೊದಲಿಂದ."

ಸೈಟು ರಿಜಿಸ್ಟ್ರೇಷನ್ ಮುಗಿಸಿ ಬಂದವರ ಮುಖದಲ್ಲೂ ಅಂಥ ಕಳೆಯನ್ನು ನಾನು ಕಂಡಿಲ್ಲ. ಕುರ್ಚಿಯ ಮೇಲಿನ ಬಟ್ಟೆ ರಾಶಿ ಎತ್ತಿ ಹಾಸಿಗೆಗೆ ಎಸೆದು ಕರೆದ: "ಕೂತ್ಕೊಳ್ಳಿ ಸಾರ್, ಬಣ್ಣ ಆರಿಸೋಣ."